ಮೀನಿನ ಮುಳ್ಳಿಗೆ ಬಿಸಿನೀರು

ಸೋಮಯ್ಯನ ಮೊದಲ ಕಾಗದ ತೆರಕಣಾಂಬಿಗೆ ಬಂದ ದಿನ ಪುಟ್ಟಸಿದ್ದಮ್ಮ ಹುರುಳಿ ಕೇರುತ್ತಿದ್ದಳು. ಐವತ್ತನಾಲ್ಕನೇ ಇಸವಿ, ದೀಪಾವಳಿ ಕಳೆದು ಎಂಟು ದಿನ. ಮೈದುನ ಊರು ಬಿಟ್ಟ ಮೇಲೆ ಆ ಮನೆಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ, ಅದೂ ಮೂರನೇ ಕ್ಲಾಸಿನ ತನಕ. ಮೊರ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಅಕ್ಷರಕ್ಕೊಂದು ಉಸಿರು ಬಿಡುತ್ತ ಓದಿದಳು. ಜಗಲಿಯ ಮೇಲೆ ಗಂಡ ನಿಂಗಯ್ಯ, ಪಕ್ಕದ ಮನೆಯ ಮೂಗಮ್ಮ, ಹಾವು ಚೇಳಿಗೆ ಮಂತ್ರ ಹಾಕುವ ಬೀರಯ್ಯ ಕುಳಿತಿದ್ದರು.

‘ಇಲ್ಲಿಯ ಕಡಲಿಗೆ ಕೈಯಿಟ್ಟರೆ ಕೈ ಕತ್ತರಿಸಿದ ಹಾಗಾಗುತ್ತದೆ, ಅಷ್ಟು ತಣ್ಣಗಿದೆ’ ಎಂದು ಬರೆದಿದ್ದ. ‘ಅದರ ಮರಳಿನಲ್ಲಿ ಹೂತುಕೊಂಡು ಒಂದು ಮೀನು ಮಲಗಿರುತ್ತದೆ. ಅದರ ಬೆನ್ನಿನ ಮುಳ್ಳಿನಲ್ಲಿ ವಿಷ. ಅಂಬಲಿಯಂತೆ ತೇಲುವ ಇನ್ನೊಂದು ಪ್ರಾಣಿಯ ಕೂದಲು ತಗುಲಿದರೆ ಮೈಯೆಲ್ಲ ಬಾಸುಂಡೆ. ಅವುಗಳ ವಿಷ ತೆಗೆದುಕೊಡುವುದೇ ನನ್ನ ಕೆಲಸ.’

ಬೀರಯ್ಯ ತೊಡೆ ತಟ್ಟಿಕೊಂಡು ನಕ್ಕ. “ಮಂಜಿನ್ ನೀರಲ್ಲಿ ಇಸ ನಿಂತದೇನ್ಲಾ ನಿಂಗ? ಇಸ ಅಂದ್ರೇನೇ ಉಸ್ಣ. ಹಾವು ಬ್ಯಾಸ್ಗೇಲಿ ಯಾಕ್ ಈಚೆ ಬತ್ತದೆ ಮತ್ತೆ? ನಿನ್ ತಮ್ಮ ಯಾವ್ದೋ ಓಟ್ಲಲ್ಲಿ ಪಾತ್ರೆ ಉಜ್ತಾವ್ನೆ, ಬುಡು.”

“ಇರ್ಬೌದು ಕಣಣ್ಣೋ,” ಅಂದಳು ಮೂಗಮ್ಮ. “ಪಾತ್ರೆ ಉಜ್ಜಕೆ ನಮ್ಮೂರ್ ಕೆರೆ ಸಾಲ್ದೆ ಕಡ್ಲು ದಾಟವ್ನೆ.”

ನಿಂಗಯ್ಯ ನಗಲಿಲ್ಲ. ಕಾಗದವನ್ನು ಇಸಿದುಕೊಂಡು ಅದರ ಮೇಲಿನ ಹಡಗಿನ ಸ್ಟಾಂಪನ್ನು ಬೆರಳಿನಿಂದ ಸವರಿದ.

ಸೋಮಯ್ಯ ಅಷ್ಟು ದೂರ ಹೋದದ್ದಾದರೂ ಮುಳ್ಳಿನ ದೆಸೆಯಿಂದಲೇ. ಕಾಲಿಗೆ ಹೊಕ್ಕ ಜಾಲಿಮುಳ್ಳು ತೆಗೆಯುವುದರಲ್ಲಿ ಅವನ ಕೈ ಬಲು ಹಗುರ. ಗುಂಡ್ಲುಪೇಟೆಗೆ ಒಣಮೀನು ತರುತ್ತಿದ್ದ ಲಾರಿಯ ಜೊತೆ ಕಲ್ಲಿಕೋಟೆಗೆ ಹೋಗಿದ್ದಾಗ, ಅಲ್ಲಿಯ ಕಡಲ ಬದಿಯಲ್ಲಿ ಮೀನುಗಳ ಶೋಧನೆ ಮಾಡುತ್ತಿದ್ದ ನಾರ್ವೆ ದೇಶದ ದೊರೆಯೊಬ್ಬರ ಪಾದಕ್ಕೆ ಮೀನಿನ ಮೂಳೆ ಮುರಿದು ಕೂತಿತ್ತು. ಇವನು ಸೂಜಿಯಲ್ಲಿ ಎತ್ತಿಕೊಟ್ಟ. ದೊರೆ ಅವನ ಕೈಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, ಮೊದಲು ಅಲ್ಲೇ ಕೆಲಸಕ್ಕೆ ಇಟ್ಟುಕೊಂಡು, ಆಮೇಲೆ ತಮ್ಮ ದೇಶಕ್ಕೇ ಕರೆದೊಯ್ದರು.

ಎರಡು ವರ್ಷ ಕಳೆದು ಸೋಮಯ್ಯ ಹಿಂದಿರುಗಿದ. ಚಾಮರಾಜನಗರದ ಒಂದು ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಭಾನುವಾರ ಊರಿಗೆ ಬಂದರೆ ಅತ್ತಿಗೆಯ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅಲ್ಲಿಯ ಕಥೆ ಹೇಳುತ್ತಿದ್ದ. ಐಸಿನ ಹಲಗೆಯ ಮೇಲೆ ಮೀನು ಇಟ್ಟುಕೊಂಡು, ಮುಳ್ಳಿನ ಬುಡದ ವಿಷದ ಗಂಟನ್ನು ಒಡೆಯದಂತೆ ಬಿಡಿಸಿ, ಗಾಜಿನ ಕೊಳವೆಗೆ ಹಾಕಬೇಕು. ಕೊಳವೆ ಸದಾ ಐಸಿನಲ್ಲೇ ಇರಬೇಕು. ಒಂದು ಬೆಳಿಗ್ಗೆ ಕೊಳವೆಗಳೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದ್ದು ಕಂಡು, ಪಾಪ, ದೊರೆಗೆ ಸಲೀಸಾಗಲಿ ಅಂತ ಒಲೆಯ ಬದಿಗೆ ಜೋಡಿಸಿಟ್ಟನಂತೆ. ಮಾಗಿಯಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆಯ ಸೀಸೆಯನ್ನು ನಾವೆಲ್ಲ ಇಡುವುದಿಲ್ಲವೇ, ಹಾಗೆ. ಆ ವಿಷವನ್ನು ಇಲಿಗಳಿಗೆ ಚುಚ್ಚಿದರೆ ಒಂದೂ ಸಾಯಲಿಲ್ಲ. ಒಂದು ವಾರದ ದುಡಿಮೆ ಬಿಸಿಗೆ ಕೆಟ್ಟುಹೋಗಿತ್ತು.

“ಹೊಡುದ್ರಾ?” ಅಂದಳು ಪುಟ್ಟಸಿದ್ದಮ್ಮ.

“ಇಲ್ಲ ಕಣ್ ಅತ್ಗಮ್ಮ. ತಲೆ ಮ್ಯಾಲೆ ಕೈ ಹೊತ್ಕಂಡು ಕೂತ್ರು. ಆಮ್ಯಾಕೆ ಹೇಳುದ್ರು, ಅಲ್ಲಿ ಬೆಸ್ತ್ರು ಈ ಮೀನ್ ಚುಚ್ಚಿಸ್ಕಂಡ್ರೆ ತಡ್ಯಷ್ಟು ಬಿಸಿನೀರ್ಗೆ ಕೈ ಇಟ್ಕಂತಾರಂತೆ. ತಣ್ಣೀರಲ್ಲಿ ಬೆಳ್ದಿದ್ ಇಸ, ಬಿಸಿ ತಡ್ಯಕಿಲ್ಲ.”

ಊರಿನವರು ಇದನ್ನು ನಂಬಲಿಲ್ಲ. ವಿಷ ಏರಿದರೆ ತಂಪು ಮಾಡಬೇಕು ಅನ್ನುವುದು ಅಜ್ಜ ಮುತ್ತಜ್ಜನ ಕಾಲದ ಮಾತು. ಕೆರೆಯ ಕೆಸರು ಮೆತ್ತಬೇಕು, ಬೇವಿನ ಸೊಪ್ಪಿನಲ್ಲಿ ನೀವಿ ವಿಷ ಇಳಿಸಬೇಕು. ಸೋಮಯ್ಯ ಬಾಯಿ ತೆರೆದರೆ ಬೀರಯ್ಯ, “ಬಂದ್ರಪ್ಪಾ, ಬಿಸಿನೀರ್ ಡಾಕ್ಟ್ರು,” ಅನ್ನುತ್ತಿದ್ದ. ಸೋಮಯ್ಯನಿಗೆ ಅದು ಒಳಗೇ ಕೊರೆಯುತ್ತಿತ್ತು. ಕಡಲು ದಾಟಿ ಕಲಿತು ಬಂದ ಒಂದೇ ಒಂದು ಮಾತನ್ನು ತನ್ನೂರಿನವರು ಒಪ್ಪಬೇಕು, ಅವನಿಗಿದ್ದ ಆಸೆ ಅಷ್ಟೇ.

ಐವತ್ತೇಳರ ಬೇಸಿಗೆಯಲ್ಲಿ ಕೆರೆ ಮೊಣಕಾಲುದ್ದಕ್ಕೆ ಇಳಿದಾಗ ಊರಿಗೆ ಊರೇ ಮೀನಿಗೆ ಇಳಿಯಿತು. ಮೂಗಮ್ಮನ ಬುಟ್ಟಿಗೆ ಚೇಳುಮೀನು ಬಿತ್ತು. ಆ ಮೀನಿನ ರೆಕ್ಕೆಯ ಬಳಿ ವಿಷದ ಮುಳ್ಳಿರುತ್ತದೆ. ಅದು ಅಂಗೈಗೆ ಇಳಿಯಿತು. ಮೂಗಮ್ಮ ಏರಿಯ ಮೇಲೆ ಬಿದ್ದು ಹೊರಳಾಡಿದಳು. ಬೀರಯ್ಯ ಕೆಸರು ಮೆತ್ತಿ ಮಂತ್ರ ಹೇಳಿದಷ್ಟೂ ಅವಳ ಕಿರುಚಾಟ ಏರಿತು. ಸೋಮಯ್ಯ ಅಲ್ಲೇ ಮೂರು ಕಲ್ಲು ಹೂಡಿ ನೀರು ಕಾಯಿಸಿದ. ಮೊದಲು ತನ್ನ ಕೈಯನ್ನು ಅದ್ದಿ ನೋಡಿ, ಆಮೇಲೆ ಅವಳ ಕೈ ಹಿಡಿದು ಇಳಿಸಿದ.

“ಸಾಯಿಸ್ಬುಟ್ಟೆಯಲ್ಲೋ, ಮುಂಡೇದೆ!” ಅಂತ ಮೂಗಮ್ಮ ಬೈದಳು. ಬೈಯುತ್ತ ಬೈಯುತ್ತ ದನಿ ತಗ್ಗಿತು. ಎಲೆ ಅಡಿಕೆ ಎರಡು ಸಲ ಹಾಕಿಕೊಳ್ಳುವಷ್ಟು ಹೊತ್ತಾದ ಮೇಲೆ, “ಬುಟ್ಟಿ ಎಲ್ಲಿ? ಯಾವಳ್ ಎತ್ಕಂಡ್ಲು ನನ್ ಮೀನ್ನ?” ಅಂತ ಎದ್ದು ಕುಳಿತಳು.

ಆವತ್ತಿನಿಂದ ಬಿಸಿನೀರು ಅನ್ನುವುದು ಬೈಗುಳ ಹೋಗಿ ಬಿರುದಾಯಿತು. ಆಷಾಢದಲ್ಲಿ ಪುಟ್ಟಸಿದ್ದಮ್ಮನ ಕಾಲ್ಬೆರಳಿಗೆ ಚೇಳು ಕುಟುಕಿದಾಗ ಅವಳೇ ನೀರು ಕಾಯಿಸಿ ಕಾಲಿಟ್ಟಳು; ಉರಿ ಕಡಿಮೆಯಾದಂತೆ ಕಂಡಿತು. ಭಾನುವಾರ ಮೈದುನನನ್ನು ಕೇಳಿದಳು: “ಅಂಗಾದ್ರೆ ಎಲ್ಲಾ ಇಸಕ್ಕೂ ಆಯ್ತದೆ ಅನ್ನು?”

ಸೋಮಯ್ಯ ಆ ಹೊತ್ತು ಹೊಸ ಅಂಗಿ ಹಾಕಿದ್ದ. ಬೀರಯ್ಯನೂ ಜಗಲಿಯ ಮೇಲಿದ್ದ. “ಆದ್ರೂ ಆಗ್ಬೌದು ಕಣ್ ಅತ್ಗಮ್ಮ,” ಅಂದುಬಿಟ್ಟ.

ಮರುವರ್ಷ ಕಡಲೆಕಾಯಿ ಕಳೆ ಕೀಳುವಾಗ ನಿಂಗಯ್ಯನ ಪಾದಕ್ಕೆ ನಾಗರ ಹೊಡೆಯಿತು. ಬೆಳಿಗ್ಗೆ ಒಂಬತ್ತರ ಹೊತ್ತು. ಅವನು ಕುಂಟುತ್ತ ಮನೆಗೆ ಬಂದು, “ಬಸ್ಸು ಬರೋ ಹೊತ್ತು, ಗುಂಡ್ಲುಪ್ಯಾಟೆ ಆಸ್ಪತ್ರೆಗೆ ಹೋಗನ,” ಅಂದ.

“ಸುಮ್ಕಿರು, ಒಂದ್ ಗಳ್ಗೆ,” ಎಂದು ಪುಟ್ಟಸಿದ್ದಮ್ಮ ಒಲೆಗೆ ಸೌದೆ ನೂಕಿದಳು. ಅಗಲ ಬಾಯಿಯ ದೊಡ್ಡ ಚರಿಗೆಗೆ ಕಾದ ನೀರು ಹೊಯ್ದು ಅವನ ಕಾಲನ್ನು ಅದರಲ್ಲಿಟ್ಟು, ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಬಸ್ಸಿನ ಹಾರನ್ನು ಇಬ್ಬರಿಗೂ ಕೇಳಿತು. ನಿಂಗಯ್ಯ ಏಳಲು ನೋಡಿದ. “ಮೂಗಮ್ಮಂಗೆ ವಾಸಿ ಆಗ್ನಿಲ್ವಾ? ಇರು,” ಅಂದಳು. ನೀರು ಆರಿದಂತೆಲ್ಲ ಮತ್ತೆ ಹೊಯ್ದಳು. ಅವನ ರೆಪ್ಪೆ ಜೋತು ಬೀಳತೊಡಗಿ, ಮಾತು ತೊದಲಿದಾಗ ಗಾಡಿ ಕಟ್ಟಿಸಿದಳು. ಗುಂಡ್ಲುಪೇಟೆ ಇನ್ನೂ ಎರಡು ಮೈಲಿ ಇರುವಾಗ ಉಸಿರು ನಿಂತಿತು.

ಸುದ್ದಿ ಮುಟ್ಟಿ ಸಂಜೆಗೆ ಸೋಮಯ್ಯ ಬಂದ. ಅಣ್ಣನ ಕಾಲಿನ ಚರ್ಮ ಮೀನಖಂಡದವರೆಗೆ ಬೆಂದು ಕೆಂಪಗಾಗಿದ್ದುದನ್ನು ನೋಡಿದ. ಅಡುಗೆಮನೆಯಲ್ಲಿ ಚರಿಗೆ ಇತ್ತು. ನೀರನ್ನು ಹಿತ್ತಿಲಿಗೆ ಚೆಲ್ಲಿ, ಅದನ್ನು ಬೋರಲು ಹಾಕಿದ. ಕೇಳಿದವರಿಗೆ ಪುಟ್ಟಸಿದ್ದಮ್ಮ, “ಗಾಡಿ ಕಟ್ಟದು ತಡವಾಯ್ತು,” ಅಂದಳು. ಅವನು ಅಲ್ಲಗಳೆಯಲಿಲ್ಲ.

ತಿಥಿ ಮುಗಿದದ್ದೇ ಅವನು ತಿರುಗಾಟ ಹಿಡಿದ. ತೆರಕಣಾಂಬಿ, ಬೇಗೂರು, ಸಂತೆಮರಹಳ್ಳಿ. ಸಂತೆ ಕೂಡಿದ ಕಡೆ ನಿಂತು, ಬಿಸಿನೀರು ಮೀನಿನ ಮುಳ್ಳಿಗೆ ಮಾತ್ರ, ಹಾವಿಗೆ ಕೂಡದು, ಹಾವು ಕಚ್ಚಿದರೆ ಕಾಲು ಅಲುಗಿಸದೆ ನೆಟ್ಟಗೆ ಆಸ್ಪತ್ರೆಗೆ ಹೊರಡಿ ಎಂದು ಹೇಳಿದ. ನಂಬಲಿ ಅಂತ ತಾನೇ ಹಾತೊರೆದಿದ್ದ ಮಾತನ್ನು ಈಗ ಜನ ಬಿಡಬೇಕಾಗಿತ್ತು. ಜನ ಬಿಡಲಿಲ್ಲ. ಬೇಗೂರಿನಲ್ಲಿ ಯಾವುದೋ ಹಾವು ಕಚ್ಚಿಸಿಕೊಂಡ ಒಬ್ಬ ಹೆಂಗಸು ಬಿಸಿನೀರಿಗೆ ಕಾಲಿಟ್ಟು ಬದುಕಿಕೊಂಡಿದ್ದಳು.

“ಇಸ ಇಲ್ದಿದ್ ಹಾವು ಕಣಣ್ಣ ಅದು,” ಅಂತ ಸೋಮಯ್ಯ ಅಲ್ಲಿಯ ಟೀ ಅಂಗಡಿಯ ದೊಡ್ಡಯ್ಯನ ಮುಂದೆ ಗೋಗರೆದ.

ದೊಡ್ಡಯ್ಯ ಟೀ ಸೋಸುತ್ತ ಬೆಂಚಿನವರಿಗೆ ಕಣ್ಣು ಮಿಟುಕಿಸಿದ. “ನಿಮ್ಮೂರ್ಗೆ ಬಂದಿದ್ದಾಗ ಮೂಗಮ್ಮನ್ ಕೈ ನೆಟ್ಗಾದದ್ದ ನಾನೇ ಕಂಡಿವ್ನಿ. ಈಗ ಆಯ್ಕಿಲ್ಲ ಅಂದ್ರೆ ಯಾರ್ ನಂಬ್ತಾರ್ಲಾ? ಮದ್ದಿನ್ ಗುಟ್ಟ ಯಾರೂ ಸಲೀಸಾಗ್ ಬುಟ್ಕೊಡಕಿಲ್ಲ ಕಣ್ರಪ್ಪ. ಕುಡಿ, ಕುಡಿ, ಬಿಸಿ ಬಿಸಿಯಾಗದೆ.”

ಬೆಂಚಿಗೆ ಬೆಂಚೇ ನಕ್ಕಿತು.

ಐವತ್ತೊಂಬತ್ತರಲ್ಲಿ, ಶಿವರಾತ್ರಿ ಕಳೆದ ವಾರ, ಮೀನಿನ ದೊರೆ ಮತ್ತೆ ಕಲ್ಲಿಕೋಟೆಗೆ ಬಂದಿರುವುದಾಗಿ ಸೋಮಯ್ಯನಿಗೆ ಬರೆದರು. ಅವನು ಶಾಲೆಯ ಕೆಲಸ ಬಿಟ್ಟು ಕಲ್ಲಿಕೋಟೆಗೆ ಹೊರಟ. ಅಲ್ಲಿಂದ ದೊರೆಯ ಜೊತೆ ಮತ್ತೊಮ್ಮೆ ಕಡಲು ದಾಟಿದ. ಎರಡು ಕಾಗದ ಬಂದವು, ಮೂರನೆಯದು ಬರಲಿಲ್ಲ. ಬದುಕಿದ್ದಾನೋ ಇಲ್ಲವೋ ಎಂದು ಯಾರೂ ಖಚಿತವಾಗಿ ತಿಳಿಸಲಿಲ್ಲ.

ಹೊರಟ ದಿನ ಪುಟ್ಟಸಿದ್ದಮ್ಮ ಗುಂಡ್ಲುಪೇಟೆಯವರೆಗೂ ಹೋಗಿದ್ದಳು. ಕೇರಳದ ಕಡೆಯ ಬಸ್ಸಿನ ಮೇಲೆ ಬಾಳೆಗೊನೆ ಏರಿಸುತ್ತಿದ್ದರು. ರೊಟ್ಟಿಯ ಗಂಟನ್ನು ಕೊಟ್ಟು, “ಚಳೀಲಿ ಕಿವಿ ಕಟ್ಕೊ,” ಅಂದಳು. ಅವನು ಗಂಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಆ ಚರಿಗೆಯ ಮಾತನ್ನು ಅದುವರೆಗೆ ಅವರಿಬ್ಬರೂ ಎತ್ತಿರಲಿಲ್ಲ.

“ನಾನೇಳುದ್ರೆ ಗುಟ್ಟು ಮುಚ್ಚಿಡ್ತೀನಿ ಅಂತಾರೆ ಅತ್ಗಮ್ಮ. ನೀನೇಳುದ್ರೆ ಯಾರೂ ಅಂಗನ್ನಕಿಲ್ಲ. ಅಣ್ಣನ್ ಕಾಲ್ನ ಬಿಸಿನೀರ್ಗೆ ಇಟ್ಟೋಳು ನಾನೇ, ಬಸ್ಸು ಬಂದಿದ್ದ ಕೇಳ್ಕಂಡೂ ಬುಡ್ನಿಲ್ಲ ಅಂತ ಸಂತೇಲಿ ನಿಂತ್ಕಂಡು ಒಂದ್ಸಲ ಹೇಳ್ಬುಡು. ಅಂಗ್ ಮಾಡು ಅಂದೋನು ಸೋಮಯ್ಯ ಅಂತ್ಲೂ ಹೇಳು. ಹೇಳ್ತೀಯಾ?”