ತಮ್ಮದೇ ರಕ್ತ ತೋರಿಸಿದ ಮೇಡಂ

ಉಸಿರು ಒಳಗೆಳೆದುಕೊಂಡಾಗಲೆಲ್ಲ ನಮ್ಮ ಬಯಾಲಜಿ ಮೇಡಂ ಕತ್ತಿನ ಬುಡದಲ್ಲಿ ಒಂದು ಗುಳಿ ಬೀಳುತ್ತಿತ್ತು. ಅವರ ಕರಿಮಣಿ ಸರ ಆ ಗುಳಿಯೊಳಗೆ ಇಳಿದು, ಮತ್ತೆ ಮೇಲೆ ಬರುತ್ತಿತ್ತು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ನನಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಹಿಂದಿನ ಬೆಂಚಿನವರಿಗೆ ಸದ್ದು ಮಾತ್ರ ಕೇಳುತ್ತಿತ್ತು. ಎಲ್ಲೋ ದೂರದಲ್ಲಿ ಯಾರೋ ಸಣ್ಣ ಪೀಪಿ ಊದುತ್ತಿರುವಂಥ ಸಿಳ್ಳು.

ಜಯನಗರದ ನಮ್ಮ ಪಿಯು ಕಾಲೇಜಿನಲ್ಲಿ ಉಬ್ಬಸದ ಕಾರಣ ಸೀಮೆಸುಣ್ಣ ಮುಟ್ಟದೆ ಪಾಠ ಮಾಡುತ್ತಿದ್ದವರು ಅವರೊಬ್ಬರೇ. ಯಾರನ್ನಾದರೂ ಬೋರ್ಡಿನ ಬಳಿ ಕರೆದು, "ನೀನು ಬರಿ, ನಾನು ಹೇಳ್ತೀನಿ" ಎನ್ನುತ್ತಿದ್ದರು. ಬೋರ್ಡನ್ನು ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ವಾಕ್ಯದ ಮಧ್ಯದಲ್ಲಿ ನಿಲ್ಲಿಸಿ, ಮೇಜಿನ ಮೇಲೆ ಎರಡೂ ಅಂಗೈ ಊರಿ, "ಒಂದ್ನಿಮಿಷ, ಉಸಿರು ಬರ್ಲಿ" ಎಂದು ಕಾಯುತ್ತಿದ್ದರು. ನಾವೂ ಕಾಯುತ್ತಿದ್ದೆವು. ಬೇರೆ ಯಾವ ತರಗತಿಯಲ್ಲೂ ನಾವು ಅಷ್ಟು ಸುಮ್ಮನೆ ಕೂತಿದ್ದು ನೆನಪಿಲ್ಲ.

ಬಿಳಿ ರಕ್ತಕಣಗಳ ಪಾಠದ ದಿನ ಮೇಡಂ ನಮ್ಮನ್ನು ಲ್ಯಾಬಿಗೆ ಕರೆದುಕೊಂಡು ಹೋದರು. ಪುಸ್ತಕದಲ್ಲಿದ್ದ ಚಿತ್ರ ತೋರಿಸಬಹುದಿತ್ತು. ಅದರ ಬದಲು ತಮ್ಮ ಉಂಗುರದ ಬೆರಳಿಗೆ ಸೂಜಿ ಚುಚ್ಚಿಕೊಂಡು, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಒಣಗಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ನಾನು ಕಣ್ಣಿಟ್ಟು ನೋಡಿದೆ. ಎರಡು ಹೋಳಾದ ನೀಲಿ ನಡು, ಸುತ್ತಲೂ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಹರಳುಗಳು ತುಂಬಿದ ಒಂದು ಕಣ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು.

"ಅದರ ಹೆಸರು ಇಯೋಸಿನೋಫಿಲ್" ಎಂದರು ಮೇಡಂ. "ಬೇರೆಯವರ ರಕ್ತದಲ್ಲಿ ಹುಡುಕ್ಬೇಕಾಗುತ್ತೆ. ನನ್ನ ಸ್ಲೈಡ್‌ನಲ್ಲಿ ಎಲ್ಲಿ ನೋಡಿದ್ರೂ ಸಿಗುತ್ತೆ."

ಆ ಕಣ ನಮ್ಮನ್ನು ಕಾಯುವ ಪಡೆಗೇ ಸೇರಿದ್ದು, ಮುಖ್ಯವಾಗಿ ಹೊಟ್ಟೆಯ ಹುಳುಗಳ ಮೇಲೆ ದಾಳಿ ಮಾಡಬೇಕಾದದ್ದು ಎಂದು ವಿವರಿಸಿದರು. ತಮ್ಮ ಮೈಯಲ್ಲಿ ಅದು ಶ್ವಾಸನಾಳದ ಒಳಗೋಡೆಗೆ ಹೋಗಿ ಸೇರಿಕೊಳ್ಳುತ್ತದೆ, ಆ ಗೋಡೆ ಊದಿಕೊಳ್ಳುತ್ತದೆ, ಲೋಳೆ ತುಂಬುತ್ತದೆ, ಹೊರಗಿನ ಸ್ನಾಯು ಬಿಗಿಯುತ್ತದೆ ಎಂದರು. "ಧೂಳು ಒಂದು ನೆಪ ಅಷ್ಟೆ. ಜಗಳ ಆಡ್ತಿರೋದು ನನ್ನ ಕಣಗಳೇ."

ನಮ್ಮಲ್ಲೊಬ್ಬಳು, "ಅವನ್ನ ತೆಗೆದು ಹಾಕೋಕಾಗಲ್ವಾ ಮೇಡಂ?" ಎಂದು ಕೇಳಿದಳು.

"ನಿಮ್ಮ ಕಾಲಕ್ಕೆ ಆಗ್ಬಹುದು" ಎಂದು ಮೇಡಂ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ತನಕ ನಾವು ಸೂಕ್ಷ್ಮದರ್ಶಕ ನೋಡುವ ನೆಪದಲ್ಲಿ ತಲೆ ತಗ್ಗಿಸಿದ್ದೆವು.

ಕಾಲೇಜು ಮುಗಿದ ಮೇಲೆ ಅವರನ್ನು ಮತ್ತೆ ಕಂಡಿದ್ದು ಎಷ್ಟೋ ವರ್ಷಗಳ ನಂತರ, ಎದೆರೋಗ ತಜ್ಞರೊಬ್ಬರ ಕ್ಲಿನಿಕ್ಕಿನಲ್ಲಿ. ಪ್ರತಿ ಚಳಿಗಾಲ ಕೆಮ್ಮಿ ಕೆಮ್ಮಿ ಬಸವಳಿಯುತ್ತಿದ್ದ ನನ್ನ ಪುಟ್ಟ ಮಗಳನ್ನು ಕರೆದುಕೊಂಡು ಹೋಗಿದ್ದೆ. ಎದುರು ಕುರ್ಚಿಯಲ್ಲಿ ಕೂತಿದ್ದವರ ಕತ್ತು ನೋಡಿದೆ. ಮುಖ ಗುರುತು ಹತ್ತಿದ್ದು ಆಮೇಲೆ.

"ನಿನ್ನ ಮಗಳಾ?" ಎಂದರು ಮೇಡಂ. ನಾನು ಹೌದೆಂದೆ. ಅವರು ಮಗುವಿನ ಬೆನ್ನ ಮೇಲೆ ಅಂಗೈ ಇಟ್ಟು ಉಸಿರಾಟ ಗಮನಿಸಿದರು. "ಅಯ್ಯೋ, ನಮ್ಮ ಪಾರ್ಟಿಗೆ ಸೇರ್ಬಿಟ್ಯಾ ಪುಟ್ಟಿ" ಎಂದು ಮೆಲ್ಲಗೆ ಹೇಳಿದರು.

ಅವರು ನಿವೃತ್ತರಾಗಿ ಪುಟ್ಟೇನಹಳ್ಳಿ ಕೆರೆಯ ಹತ್ತಿರ ಮನೆ ಮಾಡಿದ್ದರು, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಮಗಳಿಗೆ ಇನ್‌ಹೇಲರ್ ಎಳೆದುಕೊಳ್ಳುವುದನ್ನು ಕಲಿಸಿದ್ದು ಅವರೇ. ನಮ್ಮ ಅತ್ತೆಗೆ ಆ ಪಂಪ್ ಕಂಡರೆ ಆಗುತ್ತಿರಲಿಲ್ಲ. "ಕೆಮ್ಮು ನಿಂತಿದೆಯಲ್ಲ, ಇನ್ಯಾಕೆ? ಅಭ್ಯಾಸ ಆಗೋಗುತ್ತೆ" ಎನ್ನುತ್ತಿದ್ದರು. ಮೇಡಂ ಒಂದು ದಿನ ನಮ್ಮ ಮನೆಗೇ ಬಂದು ಅತ್ತೆಯ ಪಕ್ಕ ಕೂತರು.

"ಕೆಮ್ಮು ನಿಂತ್ರೂ ಒಳಗಿನ ಊತ ಹೋಗಿರಲ್ಲಮ್ಮ. ಚೆನ್ನಾಗಿರೋ ದಿನಾನೂ ಕೊಡ್ಬೇಕು. ನನಗೆ ಚಿಕ್ಕವಳಿದ್ದಾಗ ಯಾರೂ ಕೊಡ್ಲಿಲ್ಲ, ನೋಡಿ" ಎಂದು ತಮ್ಮ ಎದೆ ಮುಟ್ಟಿ ತೋರಿಸಿದರು. ಅತ್ತೆ ಆಮೇಲೆ ಆ ಮಾತು ಎತ್ತಲಿಲ್ಲ.

ಅದೇ ಸುಮಾರಿಗೆ ಡಾಕ್ಟರು ಮೇಡಂಗೆ ಹೊಸ ಇಂಜೆಕ್ಷನ್ ಶುರು ಮಾಡಿದರು. ಇಯೋಸಿನೋಫಿಲ್ ಹೆಚ್ಚದಂತೆ ತಡೆಯುವ ಔಷಧಿ. ಆ ಒಂದು ವರ್ಷ ಅವರು ಬೇರೆಯೇ ಮನುಷ್ಯರಾಗಿದ್ದರು. ಬೆಳಿಗ್ಗೆ ಕೆರೆಯ ಸುತ್ತ ನಡೆಯುತ್ತಿದ್ದರು. ವಾಕ್ಯ ಶುರು ಮಾಡಿದರೆ ಕೊನೆಯವರೆಗೂ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಹಾರುತ್ತಿದ್ದರು. "ಇವಳು ಇಷ್ಟು ಮಾತಾಡ್ತಾಳೆ ಅಂತ ನಂಗೆ ಈಗ್ಲೇ ಗೊತ್ತಾಗಿದ್ದು" ಎಂದು ಅವರ ಯಜಮಾನರು ತಮಾಷೆ ಮಾಡುತ್ತಿದ್ದರು. ಬಹಳ ಮೆತ್ತನೆಯ ಮನುಷ್ಯ. ಅಷ್ಟೂ ವರ್ಷ ಹೆಂಡತಿಯ ಉಸಿರಿಗೆ ಕಿವಿಗೊಟ್ಟೇ ಬದುಕಿದ್ದವರು.

ಮರುವರ್ಷ ಒಂದು ಸಾಮಾನ್ಯ ನೆಗಡಿ ಬಂತು. ಅದು ಎದೆಗಿಳಿಯಿತು. ಸಿಳ್ಳು ವಾಪಸು ಬಂತು.

ನಾನು ನೋಡಲು ಹೋದಾಗ ಮೇಡಂ ಮಂಚದ ಮೇಲೆ ದಿಂಬು ಪೇರಿಸಿಕೊಂಡು ಕೂತಿದ್ದರು. ಪಕ್ಕದ ಸೈಟಿನಲ್ಲಿ ಹಳೆಯ ಮನೆ ಕೆಡವುತ್ತಿದ್ದರು. ಕಿಟಕಿ ಮುಚ್ಚಿದ್ದರೂ ಮೇಜಿನ ಮೇಲೆ ಬೆರಳಿನಿಂದ ಗೀಚುವಷ್ಟು ಧೂಳು. ಯಜಮಾನರು ಹೋಗಿ ಕೇಳಿಕೊಂಡರೆ ಮೇಸ್ತ್ರಿ, "ನೀರು ಹಾಕಿಸ್ತೀನಿ ಸಾರ್, ಆದ್ರೆ ಕೆಲಸ ನಿಲ್ಸಕ್ಕಾಗಲ್ಲ" ಎಂದನಂತೆ. ಅವನು ನೀರು ಹಾಕಿಸಿದ್ದೂ ನಿಜ.

"ರಕ್ತದ ರಿಪೋರ್ಟ್ ಬಂತು ಕಣೆ" ಎಂದರು ಮೇಡಂ. "ಇಯೋಸಿನೋಫಿಲ್ ಇಲ್ಲವೇ ಇಲ್ಲ. ಅಷ್ಟು ಚೊಕ್ಕ." ನಿಲ್ಲಿಸಿ ಉಸಿರು ಎಳೆದುಕೊಂಡರು. "ಆದ್ರೂ ಬಿಗಿಯುತ್ತೆ."

"ಡಾಕ್ಟ್ರು ಏನಂದ್ರು ಮೇಡಂ?"

"ಬೇರೆ ಕಣಗಳೂ ಇವೆಯಂತೆ. ಒಂದನ್ನ ಕಟ್ಟಿ ಹಾಕಿದ್ರೆ ಇನ್ನೊಂದು." ಮತ್ತೆ ಉಸಿರು. "ಇಷ್ಟು ವರ್ಷ ಬರೀ ಅದನ್ನೇ ಬೈದೆ, ಪಾಪ."

ಮತ್ತೆ ಸ್ಟೀರಾಯ್ಡ್ ಮಾತ್ರೆ ಶುರುವಾಯಿತು. ಮುಖ ಊದಿತು, ಸಕ್ಕರೆ ಏರಿತು, ಕೈ ಚರ್ಮ ಸೋಕಿದರೆ ನೀಲಿಗಟ್ಟುತ್ತಿತ್ತು. ತಮಗೆ ಏನಾಗುತ್ತಿದೆ ಎಂಬುದು ಅವರಿಗೆ ಪದರ ಪದರವಾಗಿ ಗೊತ್ತಿತ್ತು. ಅದರಿಂದ ಒಂದು ಗುಟುಕು ಗಾಳಿಯೂ ಹೆಚ್ಚಿಗೆ ಸಿಗಲಿಲ್ಲ.

ಒಂದು ಮಧ್ಯಾಹ್ನ ಯಜಮಾನರು ಫೋನ್ ಮಾಡಿ, "ಸ್ವಲ್ಪ ಬರ್ತೀರೇನಮ್ಮ" ಎಂದರು. ಓಡಿದೆ. ಮೇಡಂ ಮಂಚದ ಅಂಚಿನಲ್ಲಿ ಮೊಣಕಾಲ ಮೇಲೆ ಕೈ ಊರಿ ಕೂತಿದ್ದರು. ಮುಖಕ್ಕೆ ನೆಬ್ಯುಲೈಸರ್ ಮಾಸ್ಕ್ ಹಾಕಿತ್ತು. ಆಂಬುಲೆನ್ಸ್‌ಗೆ ಆಗಲೇ ಹೇಳಿದ್ದರು. ಸಿಳ್ಳು ಕೋಣೆ ತುಂಬಾ ಕೇಳುತ್ತಿತ್ತು. ಪಕ್ಕದಲ್ಲಿ ಕೂತು ಬೆನ್ನಿಗೆ ಕೈ ಕೊಟ್ಟೆ. ಬೆನ್ನು ಹಲಗೆಯಂತೆ ಬಿರುಸಾಗಿತ್ತು.

ನೋಡುನೋಡುತ್ತ ಸದ್ದು ಸಣ್ಣದಾಯಿತು. ಆಮೇಲೆ ಇಲ್ಲವೇ ಇಲ್ಲ ಎನ್ನುವಷ್ಟಾಯಿತು.

"ಕಮ್ಮಿ ಆಯ್ತು ನೋಡಿ" ಎಂದರು ಯಜಮಾನರು. ಅವರ ಮುಖ ಅರಳಿತು. "ಔಷಧಿ ಹಿಡೀತು."

ಮೇಡಂ ನನ್ನ ಕಡೆ ನೋಡಿದರು. ಮೊಣಕಾಲ ಮೇಲಿದ್ದ ಬೆರಳುಗಳನ್ನು ಸ್ವಲ್ಪವೇ ಎತ್ತಿ ಇಲ್ಲ ಎಂಬಂತೆ ಆಡಿಸಿದರು. ಸಿಳ್ಳು ಬರಬೇಕಾದರೂ ಒಂದಿಷ್ಟು ಗಾಳಿ ಓಡಾಡಬೇಕು. ಅದೂ ನಿಂತಿತ್ತು. ನಮ್ಮಿಬ್ಬರಿಗೂ ಅದು ಗೊತ್ತಿತ್ತು, ಅವರ ಯಜಮಾನರಿಗೆ ಗೊತ್ತಿರಲಿಲ್ಲ. "ಆಂಬುಲೆನ್ಸ್ ಎಲ್ಲಿದೆ ಕೇಳಿ ಸಾರ್" ಎಂದಷ್ಟೇ ಅಂದೆ.

ಆಂಬುಲೆನ್ಸ್ ತಡವಾಗಲಿಲ್ಲ. ಟ್ರಾಫಿಕ್ ದಾರಿ ಬಿಟ್ಟಿತು. ಆಸ್ಪತ್ರೆಯಲ್ಲಿ ಮಾಡಬೇಕಾದ್ದನ್ನೆಲ್ಲ ಮಾಡಿದರು. ಯಾರನ್ನಾದರೂ ದೂರೋಣವೆಂದರೆ ಒಬ್ಬರೂ ಸಿಗಲಿಲ್ಲ. ಕೆಲವು ದಿನ ವೆಂಟಿಲೇಟರ್ ಅವರ ಬದಲು ಉಸಿರಾಡಿತು. ನಂತರ ಅದನ್ನೂ ತೆಗೆದರು.

ಮೇಡಂ ಅವರ ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ, ಯೂನಿಫಾರ್ಮ್ ಹಾಕಿಕೊಂಡ ಮಗಳ ಕೈಗೆ ಇನ್‌ಹೇಲರ್ ಕೊಟ್ಟೆ. ಅವಳಿಗೆ ಈಗ ಎರಡು ಚಳಿಗಾಲದಿಂದ ಕೆಮ್ಮಿಲ್ಲ. ಶಾಲೆಯಲ್ಲಿ ಖೋ-ಖೋ ಆಡುತ್ತಾಳೆ. ಅದು ಯಾರ ದಯೆ ಎಂದು ನನಗೆ ಗೊತ್ತು. ಅವಳು ಇನ್‌ಹೇಲರನ್ನು ಕೈಯಲ್ಲೇ ತಿರುಗಿಸುತ್ತ ನಿಂತಳು.

"ಮೇಡಂ ಅಜ್ಜಿನೂ ದಿನಾ ತಗೋತಿದ್ರಲ್ವಾ ಅಮ್ಮ?"

"ತಗೋತಿದ್ರು."

"ಮರೀತಿದ್ರಾ?"

"ಇಲ್ಲ" ಎಂದೆ. ಸುಳ್ಳು ಹೇಳಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಆದರೆ ಆ ಸುಳ್ಳಿನಿಂದ ತಪ್ಪು ಮೇಡಂ ಮೇಲೆ ಬೀಳುತ್ತಿತ್ತು.

ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಒಳಗಿನಿಂದ ಅತ್ತೆ ಬಂದು, ಅವಳ ಜಡೆ ಸರಿಮಾಡುತ್ತ, "ತಗೋ ಪುಟ್ಟಿ, ವ್ಯಾನ್ ಬರೋ ಹೊತ್ತಾಯ್ತು" ಎಂದರು. ಮಗಳು ತೆಗೆದುಕೊಂಡಳು. ಅವಳ ಉಸಿರು ಒಳಗೆ ಹೋಗಿ ಹೊರಗೆ ಬರುವವರೆಗೆ ಅತ್ತೆಯೂ ನಾನೂ ಅಲ್ಲೇ ನಿಂತು ಕೇಳಿಸಿಕೊಂಡೆವು.