ಕಿಟಕಿಯಲ್ಲಿ ಕಾದಿದ್ದ ಮೊಳೆ

ನಮ್ಮ ಹಾಸ್ಟೆಲಿನ ವಾರ್ಡನ್ ಅವರ ಬಲಹುಬ್ಬು ಕಪ್ಪಗಿತ್ತು, ಎಡಹುಬ್ಬು ಬೆಳ್ಳಗಿತ್ತು. ತಲೆಗೂದಲು ನರೆತಿರಲಿಲ್ಲ, ಮುಖದಲ್ಲಿ ಸುಕ್ಕೂ ಇರಲಿಲ್ಲ. ಆ ಒಂದು ಹುಬ್ಬು ಮಾತ್ರ ವಿಭೂತಿ ಬಳಿದಂತೆ ಬೆಳ್ಳಗೆ. ಮೊದಲ ಸಲ ಬಂದವರು ಹೇಳಬೇಕಾದ ಮಾತು ಮರೆತು ಅದನ್ನೇ ನೋಡುತ್ತಿದ್ದರು. ಅವರು ಸಾಕಷ್ಟು ಹೊತ್ತು ನೋಡಲು ಬಿಟ್ಟು, "ನೋಡಿದ್ದಾತೇನ್ರಿ? ಈಗ ಕೂಡ್ರಿ" ಎನ್ನುತ್ತಿದ್ದರು. ಹುಬ್ಬಿನ ಉಪಯೋಗವೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಟಮಾರಿ ತಂದೆಯರ ಜೊತೆ ಮಾತಾಡುವಾಗ ಬಿಳಿ ಹುಬ್ಬು ಕಾಣುವಂತೆ ಕೂರುತ್ತಿದ್ದರು, ಅಳುವ ಹುಡುಗಿಯರ ಹತ್ತಿರ ಕಪ್ಪು ಹುಬ್ಬಿನ ಕಡೆ ತಿರುಗುತ್ತಿದ್ದರು. ಎಡಗಡೆಯಿಂದ ಅಜ್ಜಿ, ಬಲಗಡೆಯಿಂದ ಅಕ್ಕ ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಎದುರಿಗೆ ಮಾತ್ರ ಹುಡುಗಿಯರಿಗೂ ಮನೆಯವರಿಗೂ ಅವರು ಅಕ್ಕೋರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯಲ್ಲಿ ಎಂ.ಎಸ್ಸಿ. ಓದಲು ಹೋದೆ. ನಮ್ಮೂರು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ. ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ದಾರಿಗೆ ಹಾಸ್ಟೆಲ್ ಯಾಕೆ ಎಂದು ನಮ್ಮಜ್ಜಿ ರಾಗ ತೆಗೆದಳು. ಲ್ಯಾಬ್ ಮುಗಿಯುವ ಹೊತ್ತಿಗೆ ಹರಿಹರದಿಂದ ನಮ್ಮೂರಿಗೆ ಹೋಗುವ ಕೊನೆಯ ಬಸ್ಸು ಹೊರಟಿರುತ್ತಿತ್ತು ಎಂಬುದು ಅವಳ ತಲೆಗೆ ಹೋಗಲಿಲ್ಲ. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಹೊರಗೆ ಉಳಿದು ಓದಿದ್ದೇ ಇಲ್ಲ. ಅಪ್ಪ ನಮ್ಮಿಬ್ಬರ ನಡುವೆ ಸಿಕ್ಕಿ ಒಂದು ದಾರಿ ಹುಡುಕಿದರು. "ದೀಪಾವಳಿ ತನಕ ನೋಡಾಣ. ಹೊಂದಿಕೆ ಆಗಲಿಲ್ಲ ಅಂದ್ರೆ ಹಬ್ಬಕ್ಕೆ ಬಂದಾಕಿ ಮನ್ಯಾಗೇ ಇದ್ದುಬಿಡು" ಎಂದರು. ಮನೆಯಲ್ಲಿ ಇದ್ದುಬಿಡುವುದೆಂದರೆ ಮುಂದೆ ಏನೆಂದು ನನಗೆ ಗೊತ್ತಿತ್ತು. ಗಂಡು ನೋಡುವುದಕ್ಕೆ ಆಗಲೇ ಶುರುಮಾಡಿದ್ದರು.

ಹಾಸ್ಟೆಲಿನ ಪಡಸಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ನಿಯಮಗಳನ್ನು ಬರೆದಿದ್ದರು. ಅದರಲ್ಲಿ ದಪ್ಪ ಅಕ್ಷರದ್ದು, ಗೋಡೆಗಳಿಗೆ ಮೊಳೆ ಹೊಡೆಯಬಾರದು ಎಂಬುದು. ಹೊಸ ಹುಡುಗಿಯರು ಬರುವ ದಿನ ನಮ್ಮ ವಾರ್ಡನ್ ಸರಿಯಾಗಿ ಅದರ ಕೆಳಗೇ ಮೇಜು ಹಾಕಿಕೊಂಡು ಕೂರುತ್ತಿದ್ದರು. ಮೇಜಿನ ಮೇಲೆ ಒಂದು ಸುತ್ತಿಗೆ, ಒಂದು ಡಬ್ಬಿ ತುಂಬ ಮೊಳೆ. ಬಂದ ಪ್ರತಿ ತಂದೆಯ ಕೈಗೂ ಒಂದು ಮೊಳೆ ಕೊಟ್ಟು, "ಹೋಗ್ರಿ, ಮಗಳ ಕೋಣ್ಯಾಗೆ ಹೊಡೆದು ಬರ್ರಿ. ಆಕಿ ಚೀಲ ನೇತುಹಾಕಾಕೆ" ಎನ್ನುತ್ತಿದ್ದರು. ತಂದೆ ಇಲ್ಲದವರಿಗೆ ತಾಯಿ, ಅಣ್ಣ, ಸೋದರಮಾವ, ಯಾರು ಬಂದರೆ ಅವರು. ಲೋಕಿಕೆರೆಯಿಂದ ಬಂದಿದ್ದ ನನ್ನ ಕೋಣೆಯ ಗೆಳತಿಯದನ್ನು ಅವಳ ಅಜ್ಜಿ ಸೆರಗು ಸಿಕ್ಕಿಸಿ ತಾನೇ ಹೊಡೆದಿದ್ದಳು. ಮೊಳೆ ಸೊಟ್ಟಗಾಗಿತ್ತು, ಆದರೂ ಚೀಲ ತಡೆಯುತ್ತಿತ್ತು.

ಇದೇಕೆ ಎಂದು ನಾನು ಆಮೇಲೆ ಒಮ್ಮೆ ಕೇಳಿದ್ದೆ. "ಮಗಳನ್ನ ಬಿಟ್ಟು ಬಂದೆ ಅಂತ ಅಪ್ಪ ದಾರಿಯುದ್ದಕ್ಕೂ ಕೊರಗಬಾರದು. ಒಂದು ಕೆಲ್ಸ ಮಾಡಿ ಬಂದೆ ಅನ್ನಿಸ್ಬೇಕು" ಎಂದರು. ಅವರ ಲೆಕ್ಕದಲ್ಲಿ ಕಾಲೇಜಿಗೆ ಸೇರುವವರು ಹುಡುಗಿಯರಲ್ಲ, ಮನೆಯವರು. "ಹುಡುಗೇರು ಬೇಗ ಹೊಂದ್ಕಂತಾರೆ. ಮನ್ಯಾರಿಗೇ ತಡ ಆಗೋದು" ಎಂಬುದು ಅವರ ಬಾಯಲ್ಲಿ ಸದಾ ಇದ್ದ ಮಾತು.

ಮೊಳೆ ಆದ ಮೇಲೆ ಎಲ್ಲರೂ ಮೆಸ್ಸಿನಲ್ಲಿ ಕೂತು ಊಟ ಮಾಡಬೇಕು. ಮಗಳು ಇನ್ನು ಮೇಲೆ ಏನು ಉಣ್ಣುತ್ತಾಳೋ ಅದನ್ನು ತಂದೆತಾಯಿ ಉಂಡು ನೋಡಬೇಕು. ನಮ್ಮ ಮನೆಯವರು ಎರಡನ್ನೂ ಒಲ್ಲೆ ಎಂದರು. ಅವ್ವ ಮನೆಯಿಂದ ತಂದ ಬುತ್ತಿಯನ್ನು ಅಂಗಳದ ಬೇವಿನ ಮರದ ಕೆಳಗೆ ಬಿಚ್ಚಿ, ಅಲ್ಲೇ ನಮಗೆಲ್ಲ ಬಡಿಸಿದಳು. ಅಪ್ಪ ಮೊಳೆಯನ್ನು ಮೇಜಿನ ಮೇಲೆ ಮೆಲ್ಲಗೆ ವಾಪಸು ಇಟ್ಟರು.

"ಇರ್ಲಿ ಬಿಡ್ರಿ ಅಕ್ಕೋರೆ. ದೀಪಾವಳಿ ತನಕ ನೋಡಾಣ ಅಂತ ಮಾತಾಗೈತೆ. ಸುಮ್ನೆ ಯಾಕ ಗೋಡೆ ಕೆಡಸೋದು?"

ವಾರ್ಡನ್ ಬಿಳಿ ಹುಬ್ಬನ್ನು ಅವರ ಕಡೆ ತಿರುಗಿಸಿದರು, ಆದರೆ ವಾದ ಮಾಡಲಿಲ್ಲ. ಅಪ್ಪ ಅವ್ವ ಹೊರಟ ಮೇಲೆ ನನ್ನ ಕೋಣೆಗೆ ಬಂದು ಆ ಮೊಳೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. "ಇಲ್ಲೇ ಇರ್ಲಿ ತಂಗಿ. ತುಕ್ಕು ಹಿಡಿಯಾಕೆ ಬಾಳ ದಿನ ಬೇಕು" ಎಂದು ಹೇಳಿ ಹೋದರು. ನನ್ನ ಚೀಲ ನೆಲದ ಮೇಲೇ ಉಳಿಯಿತು.

ಮರುದಿನದಿಂದಲೇ ಬುತ್ತಿ ಬರತೊಡಗಿತು. ಮೆಸ್ಸಿನ ಊಟ ನನಗೆ ಒಗ್ಗುವುದಿಲ್ಲ ಎಂದು ಅವ್ವ ತಾನೇ ತೀರ್ಮಾನ ಮಾಡಿ, ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಕ್ಯಾರಿಯರ್ ತುಂಬಿ ನಮ್ಮೂರ ಬಸ್ಸಿಗೆ ಕೊಡುತ್ತಿದ್ದಳು. ಕಂಡಕ್ಟರು ಅದನ್ನು ಹರಿಹರದಲ್ಲಿ ದಾವಣಗೆರೆಯ ಬಸ್ಸಿಗೆ ದಾಟಿಸುತ್ತಿದ್ದರು. ಹಿಂದಿನ ದಿನದ ಖಾಲಿ ಕ್ಯಾರಿಯರ್ ಹಿಡಿದು ನಾನು ಬಸ್ ನಿಲ್ದಾಣಕ್ಕೆ ಓಡಬೇಕು. ಆ ಬಸ್ಸು ಹೇಳಿದ ಹೊತ್ತಿಗೆ ಬಂದರೆ ನನ್ನ ಪುಣ್ಯ. ಬುತ್ತಿ ತಂದು ಕೋಣೆಯಲ್ಲಿಟ್ಟು ಕಾಲೇಜು ಸೇರುವಷ್ಟರಲ್ಲಿ ಮೊದಲನೆಯ ಕ್ಲಾಸು ಮುಗಿದಿರುತ್ತಿತ್ತು. ಮಧ್ಯಾಹ್ನ ಉಳಿದವರೆಲ್ಲ ಮೆಸ್ಸಿನಲ್ಲಿ ಗದ್ದಲ ಮಾಡುತ್ತಾ ಉಣ್ಣುವಾಗ ನಾನು ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ತಣ್ಣಗಾದ ರೊಟ್ಟಿ ಮುರಿಯುತ್ತಿದ್ದೆ. ಅವ್ವನ ಕೈಯ ಎಣ್ಣೆಗಾಯಿ ಇದ್ದರೂ ಎರಡು ತುತ್ತಿಗೇ ಸಾಕೆನಿಸುತ್ತಿತ್ತು. ಲೋಕಿಕೆರೆಯ ಹುಡುಗಿಯನ್ನು ಬಿಟ್ಟರೆ ಒಬ್ಬರ ಪರಿಚಯವೂ ಆಗಲಿಲ್ಲ.

ಸಂಜೆ ಅಳು ಬರುತ್ತಿತ್ತು. ಅಳುವವರನ್ನು ವಾರ್ಡನ್ ಸಮಾಧಾನ ಮಾಡುತ್ತಿರಲಿಲ್ಲ. ಒಂದು ಮೊರ ತುಂಬ ಶೇಂಗಾ ತಂದು ಮುಂದೆ ಇಡುತ್ತಿದ್ದರು. "ಅಳು, ಬ್ಯಾಡ ಅನ್ನಲ್ಲ. ಅಳ್ತಾ ಇದನ್ನ ಸುಲಿ. ನಾಳೆ ಚಟ್ನಿಗೆ ಬೇಕು." ಎಷ್ಟು ಮಂದಿಯ ಕಣ್ಣೀರಿನ ಚಟ್ನಿಯನ್ನು ಆ ಹಾಸ್ಟೆಲು ಚಪ್ಪರಿಸಿಕೊಂಡು ತಿಂದಿದೆಯೋ ಲೆಕ್ಕವಿಲ್ಲ. ಸುಲಿಯುತ್ತಾ ಕೂತರೆ ಪಕ್ಕದಲ್ಲಿ ಇನ್ನೊಬ್ಬಳು ಅಳುವವಳು ಬಂದು ಕೂರುತ್ತಿದ್ದಳು, ಸ್ವಲ್ಪ ಹೊತ್ತಿಗೆ ಇಬ್ಬರೂ ಮಾತಿಗೆ ಇಳಿಯುತ್ತಿದ್ದರು. ನಾನು ಮಾತ್ರ ಸುಲಿದು ಮುಗಿಸಿ ಎದ್ದು ಹೋಗುತ್ತಿದ್ದೆ.

ದೀಪಾವಳಿ ಹತ್ತಿರ ಬಂದಾಗ ಒಂದು ದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಬುತ್ತಿ ಬಿಟ್ಟು ಹೋಗಲು ಮನಸ್ಸು ಬಾರದೆ ನಿಲ್ದಾಣದಲ್ಲೇ ಕಾದೆ. ಅತ್ತ ಆಂತರಿಕ ಪರೀಕ್ಷೆ ಮುಗಿದುಹೋಯಿತು. ಮೇಷ್ಟ್ರು ಸಿಟ್ಟಿಗೆದ್ದು, ಬುತ್ತಿ ಬೇಕೋ ಡಿಗ್ರಿ ಬೇಕೋ ಯೋಚನೆ ಮಾಡು ಎಂದರು. ನಾನು ಕೋಣೆಗೆ ಬಂದು ಬಟ್ಟೆ ಮಡಚಿ ಚೀಲಕ್ಕೆ ತುಂಬತೊಡಗಿದೆ. ಸೋತೆ ಎನ್ನಿಸಿತ್ತು. ಓದಬೇಕೆಂಬ ಆಸೆ ಮಾತ್ರ ಹೋಗಿರಲಿಲ್ಲ. ಲೋಕಿಕೆರೆಯವಳು ಓಡಿಹೋಗಿ ವಾರ್ಡನ್‌ಗೆ ಹೇಳಿದಳು. ಅವರು ಬಂದು ಬಾಗಿಲಲ್ಲಿ ನಿಂತು ನೋಡಿದರು.

"ನಾಳೆ ಐತಾರ. ನಿಮ್ಮೂರಿಗೆ ಬೆಳಿಗ್ಗೆ ಬಸ್ ಐತೇನು?"

"ಐತ್ರಿ."

"ಹಂಗಾರೆ ಇಬ್ರೂ ಹೋಗಾಣ. ಆ ಖಾಲಿ ಕ್ಯಾರಿಯರ್ ಕೊಡು, ನಾನು ಹಿಡ್ಕಂತೀನಿ."

ದಾರಿಯುದ್ದಕ್ಕೂ ಕ್ಯಾರಿಯರನ್ನು ತೊಡೆಯ ಮೇಲೆ ಇಟ್ಟುಕೊಂಡು ಗದ್ದೆಗಳನ್ನು ನೋಡುತ್ತಾ ಕೂತಿದ್ದರು. ಅವರು ನನ್ನ ಪರವಾಗಿ ಮಾತಾಡುತ್ತಾರೋ, ನನ್ನನ್ನು ಒಪ್ಪಿಸಿ ಹೋಗಲು ಬಂದಿದ್ದಾರೋ ನನಗೆ ಗೊತ್ತಾಗಲಿಲ್ಲ.

ಮನೆಯಲ್ಲಿ ಅವ್ವ ಗಾಬರಿಯಾಗಿ ಚಾಪೆ ಹುಡುಕುವಷ್ಟರಲ್ಲಿ ಅವರು ನೇರ ಅಡುಗೆಮನೆಗೆ ನಡೆದು ಒಲೆಯ ಮುಂದೆ ಮಣೆ ಎಳೆದುಕೊಂಡು ಕೂತರು. ಹೆಂಚಿನಿಂದ ಇಳಿದ ರೊಟ್ಟಿಯನ್ನು ತಟ್ಟೆಗೆ ಹಾಕಿಸಿಕೊಂಡು ಉಂಡರು. ಇನ್ನೊಂದನ್ನೂ ಕೇಳಿ ಹಾಕಿಸಿಕೊಂಡರು. ಕೈ ತೊಳೆದ ಮೇಲೆ ಕಪ್ಪು ಹುಬ್ಬನ್ನು ಅವ್ವನ ಕಡೆ ಮಾಡಿ ಕೇಳಿದರು.

"ಯಕ್ಕಾ, ಈಕಿ ಅಲ್ಲಿಗೆ ಬಂದ ಮ್ಯಾಲೆ ನೀವು ಹೊತ್ತೊತ್ತಿಗೆ ಉಣ್ತೀರೇನು?"

ಅವ್ವ ಹಿಟ್ಟಿನ ಕೈ ಉಜ್ಜಿಕೊಳ್ಳತೊಡಗಿದಳು. ಬಾಗಿಲ ಬಳಿ ಇದ್ದ ನಮ್ಮಜ್ಜಿಯೇ ಬಾಯಿ ಬಿಟ್ಟಳು.

"ಎಲ್ಲಿ ಉಣ್ತಾಳವ್ವ? ಬುತ್ತಿ ಬಸ್ಸಿಗೆ ಕೊಟ್ಟು ಬಂದು ಕುಂತ್ರೆ ಕುಂತ್ಲೇ. ಅದು ಮುಟ್ತೋ ಇಲ್ಲೋ, ಈಕಿ ಉಂಡ್ಲೋ ಇಲ್ಲೋ, ಸಂಜಿ ತನಕ ಅದೇ ಚಿಂತಿ."

ಇದು ನನಗೆ ಗೊತ್ತಿರಲಿಲ್ಲ. ನಾನು ಅಲ್ಲಿ ಒಬ್ಬಳೇ ರೊಟ್ಟಿ ಮುರಿಯುವಾಗ ಅವ್ವ ಇಲ್ಲಿ ಉಪವಾಸ ಕೂತಿರುತ್ತಿದ್ದಳು. ನನ್ನ ಕಣ್ಣು ತುಂಬಿ ಬಂತು.

ವಾರ್ಡನ್ ಹೇಳಿದರು, "ಬುತ್ತಿ ನಿಲ್ಲಿಸ್ರಿ ಅಂತ ಹೇಳಾಕೆ ನಾನು ಬಂದಿಲ್ಲ. ಬುತ್ತಿ ಸಣ್ಣದಾತು ಅಂತ ಹೇಳಾಕೆ ಬಂದೀನಿ. ಅಷ್ಟು ಹುಡುಗೇರು ಅದಾರೆ, ನೀವು ಒಬ್ಬಾಕಿಗೆ ಕಳಿಸ್ತೀರಿ. ಬರೋ ಐತಾರ ನೀವೇ ಬಂದು ಎಲ್ಲಾರಿಗೂ ರೊಟ್ಟಿ ಬಡೀರಿ. ಯಜಮಾನ್ರನ್ನೂ ಕರ್ಕಂಬರ್ರಿ. ಅಲ್ಲಿ ತನಕ ಈಕಿ ಮೆಸ್ಸಿನಾಗೆ ಉಣ್ಲಿ."

ಅವ್ವ ಅಪ್ಪನ ಮುಖ ನೋಡಿದಳು. ಮನೆಗೆ ಬಂದು ಉಂಡವರು ಕರೆದಾಗ ಇಲ್ಲವೆನ್ನಲು ಅಪ್ಪನಿಗೆ ಬರಲಿಲ್ಲ.

ಮುಂದಿನ ಭಾನುವಾರ ಜೋಳದ ಹಿಟ್ಟಿನ ಚೀಲ ಹೊತ್ತು ಇಬ್ಬರೂ ಬಂದರು. ಅಡುಗೆಯಾಕೆ ಒಂದು ಒಲೆ ಬಿಟ್ಟುಕೊಟ್ಟಳು. ಅವ್ವ ರೊಟ್ಟಿ ಬಡಿಯುವ ಸದ್ದು ಹಾಸ್ಟೆಲಿನ ಮೂಲೆಮೂಲೆಗೂ ಕೇಳಿ ಹುಡುಗಿಯರು ಒಬ್ಬೊಬ್ಬರಾಗಿ ಒಲೆಯ ಸುತ್ತ ಸೇರಿದರು. ನಾನೂ ಕಲಿಯುತ್ತೇನೆ ಎಂದು ಲೋಕಿಕೆರೆಯವಳು ಬಡಿದ ರೊಟ್ಟಿ ಹೆಂಚಿಗೆ ಹೋಗುವ ಮೊದಲೇ ಹರಿಯಿತು. ಅವ್ವ ಬಿದ್ದು ಬಿದ್ದು ನಕ್ಕಳು. ಪಂಕ್ತಿಯಲ್ಲಿ ನಾನು ರೊಟ್ಟಿ ಬಡಿಸಿದೆ. ಆಮೇಲೆ ಕೂತು ಅನ್ನಕ್ಕೆ ಮೆಸ್ಸಿನ ಸಾರು ಹಾಕಿಸಿಕೊಂಡೆ, ಎರಡನೆಯ ಸಲವೂ ಹಾಕಿಸಿಕೊಂಡೆ. ಅವ್ವ ನೋಡುತ್ತಿದ್ದಳು.

"ಈ ಸಾರು ಸೇರ್ತೈತೇನೇ ನಿನಗೆ?"

ದನಿಯಲ್ಲಿ ಸಣ್ಣ ನೋವಿತ್ತು. ಇಲ್ಲವೆಂದು ಸುಳ್ಳು ಹೇಳಿಬಿಡೋಣ ಎನ್ನಿಸಿತು, ಆಗಲಿಲ್ಲ. "ಸೇರ್ತೈತವ್ವ" ಎಂದೆ.

"ಹಂಗಾರೆ ಆತು ಬಿಡು" ಎಂದು ತಾನೂ ತಟ್ಟೆ ಹಿಡಿದು ಕೂತಳು. ಉಂಡು ಎದ್ದು, ಹುಳಿ ಸ್ವಲ್ಪ ಮುಂದಾಗೈತೆ ಎಂದು ಅಡುಗೆಯಾಕೆಗೆ ಹೇಳುವುದನ್ನು ಮರೆಯಲಿಲ್ಲ.

ಅಷ್ಟರಲ್ಲಿ ವಾರ್ಡನ್ ಅಪ್ಪನನ್ನು ಹೊರಡಿಸಿದ್ದರು. "ಕಾಲೇಜು ನೋಡ್ಕಂಡು ಬರ್ರಿ. ಮಗಳು ಮುಂದೆ, ನೀವು ಹಿಂದೆ." ನನ್ನ ಜೀವನದಲ್ಲಿ ಅಪ್ಪ ನನ್ನ ಹಿಂದೆ ನಡೆದದ್ದು ಅದೇ ಮೊದಲು. ಲ್ಯಾಬಿಗೆ ಬೀಗ ಹಾಕಿತ್ತು. ಕಿಟಕಿಯ ಗಾಜಿಗೆ ಅಂಗೈ ಒತ್ತಿ ಒಳಗಿನ ಗಾಜಿನ ಕೊಳವೆಗಳನ್ನು ತೋರಿಸಿ, ನಾನು ನಿಲ್ಲುವ ಜಾಗ ಅದು ಎಂದೆ. ಅಲ್ಲಿ ಏನು ಮಾಡುತ್ತೀಯ ಎಂದು ಕೇಳಿದರು. ಹೇಳಿದೆ. ಅರ್ಥವಾಯಿತೋ ಇಲ್ಲವೋ, ಬಹಳ ಹೊತ್ತು ಆ ಕಿಟಕಿಯಲ್ಲೇ ಇಣುಕಿ ನಿಂತಿದ್ದರು.

ಕೋಣೆಗೆ ಬಂದಾಗ ನೆಲದ ಮೇಲಿದ್ದ ಚೀಲ ಅವರ ಕಣ್ಣಿಗೆ ಬಿತ್ತು. ಆಮೇಲೆ ಕಿಟಕಿಯಲ್ಲಿದ್ದ ಮೊಳೆ.

"ಸುತ್ತಿಗಿ ಎಲ್ಲೈತೆ, ತಗಂಬಾ."

ಒಂದೇ ಸಮನೆ ನಾಲ್ಕೈದು ಪೆಟ್ಟು ಹಾಕಿದರು, ಎಳೆದು ನೋಡಿದರು, ಮತ್ತೊಂದು ಪೆಟ್ಟು ಹಾಕಿದರು. ಚೀಲವನ್ನು ತಾವೇ ನೇತುಹಾಕಿದರು. ಬಾಗಿಲಲ್ಲಿ ವಾರ್ಡನ್ ನಿಂತಿದ್ದರು. "ಹಬ್ಬಕ್ಕೆ ಕಳಿಸ್ಕೊಡ್ರಿ ಅಕ್ಕೋರೆ. ಮುಗಿಸ್ಕಂಡು ನಾನೇ ತಂದು ಬಿಡ್ತೀನಿ" ಎಂದರು ಅಪ್ಪ.

ಮರುವರ್ಷ ಹೊಸಬರು ಬಂದ ದಿನ ಅವ್ವನಿಗೆ ಕರೆ ಹೋಗಿತ್ತು. ಮೊಳೆಯ ಡಬ್ಬಿಯ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಕಣ್ಣೊರೆಸಿಕೊಳ್ಳುವ ತಾಯಂದಿರನ್ನು ಕೈಹಿಡಿದು ಮೆಸ್ಸಿಗೆ ಕರೆದುಕೊಂಡು ಹೋದಳು. ನಾನು ಓದು ಮುಗಿಸಿ ಹರಿಹರದಲ್ಲಿ ಕಾಲೇಜು ಉಪನ್ಯಾಸಕಿಯಾದ ಮೇಲೂ ಅವಳು ವರ್ಷಕ್ಕೊಮ್ಮೆ ಆ ದಿನ ದಾವಣಗೆರೆಯ ಬಸ್ಸು ಹತ್ತುವುದನ್ನು ಬಿಡಲಿಲ್ಲ.

ನಿವೃತ್ತಿಯಾದ ಮೇಲೆ ನಮ್ಮ ವಾರ್ಡನ್ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಒಂದು ಸಣ್ಣ ಬಾಡಿಗೆ ಮನೆ ಹಿಡಿದರು. ಒಬ್ಬರೇ ಇದ್ದರು. ಈ ಸುದ್ದಿಯನ್ನು ನಾನು ಅಪ್ಪನಿಗೆ ಹೇಳಿದೆ. ಆ ವಾರವೇ ಅಪ್ಪ ಟವೆಲಿನಲ್ಲಿ ಸುತ್ತಿಗೆ ಸುತ್ತಿಕೊಂಡು ಹರಿಹರಕ್ಕೆ ಬಂದು, ನನ್ನನ್ನೂ ಕರೆದುಕೊಂಡು ವಾರ್ಡನ್ ಮನೆಗೆ ಹೋದರು. ಅಷ್ಟರಲ್ಲಿ ಅವರ ಕಪ್ಪು ಹುಬ್ಬೂ ಬೆಳ್ಳಗಾಗಿತ್ತು. ಇನ್ನು ಯಾವ ಕಡೆ ತಿರುಗಿದರೂ ಅಜ್ಜಿಯೇ ಎಂದು ಅವರೇ ಹೇಳಿ ನಕ್ಕರು. ನಾವು ಆಡಿಕೊಳ್ಳುತ್ತಿದ್ದುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಅಪ್ಪ ಸುತ್ತಿಗೆ ಹೊರತೆಗೆದಾಗ, "ಬ್ಯಾಡ್ರಿ ಯಜಮಾನ್ರೆ, ಮೊಳೆ ಹೊಡೀಬಾರ್ದು ಅಂತ ಮಾಲೀಕ್ರು ಹೇಳ್ಯಾರೆ" ಎಂದರು.

"ಹಾಸ್ಟೆಲಿನಾಗೂ ಬರ್ದಿತ್ತಲ್ರಿ" ಎಂದರು ಅಪ್ಪ.

ಅವರು ಮಂಚದ ತುದಿಯಲ್ಲಿ ಕೂತು ಅಪ್ಪ ಮೊಳೆ ಹೊಡೆಯುವುದನ್ನು ನೋಡಿದರು. ಮುಗಿದ ಮೇಲೆ ನನ್ನ ಕಡೆ ನೋಡದೆ ಹೇಳಿದರು. "ನಮ್ಮಪ್ಪ ಓದಾಕೆ ಕಳಿಸ್ದಾಗ ಹಾಸ್ಟೆಲ್ ಮಟ ಬರಲಿಲ್ಲ ತಂಗಿ. ಬಸ್ ಸ್ಟ್ಯಾಂಡಿನಾಗೆ ಇಳಿಸಿ ಅದೇ ಬಸ್ಸಿಗೆ ವಾಪಸ್ ಹೋದ್ರು." ಎದ್ದು ತಮ್ಮ ಹಳೆಯ ಚೀಲವನ್ನು ಮೊಳೆಗೆ ಹಾಕಿದರು. ಅಪ್ಪ ಟವೆಲಿನಿಂದ ಸುತ್ತಿಗೆಯನ್ನು ಸುಮ್ಮನೆ ಒರೆಸುತ್ತಿದ್ದರು.

ಕೆಲವು ವರ್ಷಗಳ ಮೇಲೆ ವಾರ್ಡನ್ ತೀರಿಹೋದ ಸುದ್ದಿ ಬಂತು. ಮಂಡಿ ನೋವಿನಿಂದ ಅಪ್ಪ ಊರು ಬಿಟ್ಟು ಬರುವ ಸ್ಥಿತಿಯಲ್ಲಿರಲಿಲ್ಲ. ಫೋನಿನಲ್ಲಿ, "ಆ ಮೊಳೆ ಗಟ್ಟಿ ಐತೇನು ನೋಡ್ಕಂಡು ಬಾ" ಎಂದರು.

ಎಲ್ಲ ಮುಗಿದ ಮೇಲೆ ಅವರ ಬಾಡಿಗೆ ಮನೆಯ ಆ ಕೋಣೆಗೆ ಹೋದೆ. ಈಗ ನಾನು ಏನಾಗಿದ್ದೇನೋ ಅದು ಆ ಹೆಂಗಸು ಒಂದು ಭಾನುವಾರ ಖಾಲಿ ಕ್ಯಾರಿಯರ್ ಹಿಡಿದು ಬಸ್ಸು ಹತ್ತಿದ್ದರಿಂದ ಆದದ್ದು. ಅವರ ಚೀಲ ಅದೇ ಮೊಳೆಯಲ್ಲಿ ತೂಗುತ್ತಿತ್ತು. ಅದನ್ನು ಇಳಿಸಿ ಮಂಚದ ಮೇಲಿಟ್ಟು, ಮೊಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ, ಅಲ್ಲಾಡಿಸಿದೆ. ಮನೆಯ ಮಾಲೀಕರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹೊರಗೆ ಬಂದು ಅಪ್ಪನಿಗೆ ಫೋನು ಮಾಡಿದೆ.

"ಗಟ್ಟಿ ಐತಪ್ಪ" ಎಂದೆ.