ಹೊಗೆಸೊಪ್ಪಿನ ಸಾಲಿನಲ್ಲಿ ಕುಯ್ದ ಅಣ್ಣೆಸೊಪ್ಪು

ಆಷಾಢದ ಗಾಳಿಗೆ ನಮ್ಮ ಹುಣಸೂರಿನಲ್ಲಿ ತನ್ನದೇ ಒಂದು ವಾಸನೆ ಇದ್ದ ಕಾಲ ಅದು. ಸುತ್ತಲಿನ ಹಳ್ಳಿಗಳ ಬ್ಯಾರನ್ನುಗಳಲ್ಲಿ, ಬೆಂಕಿಯ ಕಾವು ಕೊಟ್ಟು ಎಲೆ ಹದಮಾಡುವ ಆ ಎತ್ತರದ ಮನೆಗಳಲ್ಲಿ, ಹೊಗೆಸೊಪ್ಪು ಬೇಯತೊಡಗಿತೆಂದರೆ ಬೆಲ್ಲ ಸೀದಂಥ ಒಂದು ಘಾಟು ಪೇಟೆಯವರೆಗೂ ತೇಲಿಬಂದು, ಕಾನ್ವೆಂಟಿನ ಕಿಟಕಿಯೊಳಗೆ ನುಗ್ಗಿ, ನಮ್ಮ ಗ್ರಾಮರ್ ಪುಸ್ತಕದ ಹಾಳೆಗಳಲ್ಲಿ ಕೂತುಬಿಡುತ್ತಿತ್ತು. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಇಷ್ಟು ಹೊತ್ತಿಗೆ ಮೂಗು ಅರಳಿಸಿರುತ್ತಾರೆ. ನಾನಾಗ ಐದನೇ ಕ್ಲಾಸು. ಆ ವರ್ಷ ನಮ್ಮ ಅಡುಗೆಮನೆಗೆ ಅನುಮಾನ ಹೊಕ್ಕಿತು. ಬಟ್ಟೆಗಂಟು ಹಿಡಿದು, ಪಿರಿಯಾಪಟ್ಟಣದ ಬಸ್ಸಿನಿಂದ ಇಳಿದೇ ಬಂತು. ಅಪ್ಪನ ತಾಯಿ, ನನ್ನ ಅಜ್ಜಿ.

ಕಾರಣ ಅಪ್ಪನ ಕಾಲಿನ ಹೆಬ್ಬೆರಳು. ಅಪ್ಪನದು ಬಜಾರಿನಲ್ಲಿ ಬಟ್ಟೆ ಅಂಗಡಿ. ಚಪ್ಪಲಿ ಕಚ್ಚಿ ಆದ ಗಾಯ ಎರಡು ತಿಂಗಳಾದರೂ ಮಾಯದಿದ್ದಾಗಲೇ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಸಕ್ಕರೆ ಹತೋಟಿಗೆ ಬರಲಿಲ್ಲ ಅಂದ್ರೆ ಮೈಸೂರಿಗೆ ಹೋಗಿ ಬೆರಳು ತೆಗೆಸಬೇಕಾಗುತ್ತೆ ಸ್ವಾಮಿ. ಬಿಳಿ ಅನ್ನ, ಮೈದಾ, ಸಿಹಿ ಬಿಡಿ. ರಾಗಿ, ಕಾಳು, ಸೊಪ್ಪು ತಿನ್ನಿ" ಅಂದಿದ್ದರು.

"ರಾಗಿ ಸೊಪ್ಪು ತಿನ್ನಿ ಅನ್ನಾಕೆ ಡಾಕುಟ್ರೇ ಬೇಕಾಯ್ತಾ?" ಅಂದರು ಅಜ್ಜಿ, ಗಂಟು ಇಳಿಸುವ ಮೊದಲೇ. "ನನ್ನ ಮಗನ ಬೆರಳ ಅದ್ಯಾರು ಮುಟ್ಟಾರು ನೋಡ್ತೀನಿ ಬುಡು."

ಆಮೇಲೆ ಅಡುಗೆಮನೆಯ ತಪಾಸಣೆ. ಅಕ್ಕಿಯನ್ನು ಅಂಗೈಯಲ್ಲಿ ಉರುಳಿಸಿ, "ಇಸ್ಟು ಬಿಳುಪು ಯಾಕೆ? ಏನ ಮುಚ್ಚಾಕೆ?" ಎಣ್ಣೆಯ ಡಬ್ಬಿ ಮೂಸಿ, "ಕಡ್ಲೇಕಾಯಿ ಚಿತ್ರ ಅದೆ, ಕಡ್ಲೇಕಾಯಿ ವಾಸ್ನೆ ಎಲ್ಲೋಯ್ತು?" ಪ್ಯಾಕೆಟ್ ಹಾಲನ್ನು ಎರಡು ಬೆರಳಲ್ಲಿ ಎತ್ತಿ, ಇಲಿಯನ್ನು ಬಾಲ ಹಿಡಿದು ಎತ್ತಿದ ಹಾಗೆ, "ಯಾರ ಮನೆ ಹಸ ಇದು, ಸರೋಜ?"

"ಡೈರಿ ಹಾಲು ಅತ್ತೆ" ಅಂದಳು ಅಮ್ಮ.

"ಅದ್ನೇ ಕೇಳ್ದೆ. ಯಾರ ಮನೆ ಹಸ?"

ಅಂದಿನಿಂದ ಹಾಲು, ಮೊಸರು, ತುಪ್ಪ ಮೂರೂ ನಿಂತವು. ಅಜ್ಜಿಯ ಕಾಯಿದೆ ಒಂದೇ. "ಬೆಳೆದೋರ ಮೊಕ ನೋಡಿರ್ಬೇಕು. ಮೊಕ ಕಾಣದ್ದು ಹೊಟ್ಟೆಗೆ ಬ್ಯಾಡ." ನಮ್ಮ ಚಿಕ್ಕಪ್ಪನ ಹೊಲದ ರಾಗಿ, ಅಲಸಂದೆ, ಹುರುಳಿ, ಒನಕೆಯಲ್ಲಿ ಕುಟ್ಟಿದ ಕೆಂಪಕ್ಕಿ ಒಂದು ಹಿಡಿ, ಹುಚ್ಚೆಳ್ಳು ಚಟ್ನಿ, ದಿನಕ್ಕೊಂದು ಸೊಪ್ಪಿನ ಸಾರು. ಗಿಡದಿಂದ ಬಂದದ್ದನ್ನೇ, ಸಿಪ್ಪೆ ತವುಡು ಸಮೇತ ತಿನ್ನುವ ಈ ಊಟಕ್ಕೆ ಈಗ ನನ್ನ ಮಗಳು ಫೋನಿನಲ್ಲಿ ಏನೇನೋ ಹೆಸರು ತೋರಿಸುತ್ತಾಳೆ. ಅಜ್ಜಿ ಅದನ್ನು "ಮೊಕ ಕಂಡ ಊಟ" ಅನ್ನುತ್ತಿದ್ದರು.

ನನ್ನ ಟಿಫಿನ್ ಡಬ್ಬಿಯಲ್ಲಿ ಬ್ರೆಡ್ಡು ಜಾಮು ಹೋಗಿ ರಾಗಿ ರೊಟ್ಟಿ ಬಂತು. ಪಕ್ಕದ ಹುಡುಗಿ ಇಣುಕಿ, "ಏನೇ ಅದು, ಗ್ರಾಮಫೋನ್ ಪ್ಲೇಟಾ?" ಅಂದಳು. ನಾನು ಮುಚ್ಚಳವನ್ನು ಗೋಡೆಯಂತೆ ನಿಲ್ಲಿಸಿಕೊಂಡು ತಿನ್ನುವುದನ್ನು ಕಲಿತೆ.

ಅಮ್ಮ ಮೈಸೂರಿನವಳು. ಎದುರಾಡಲಿಲ್ಲ. ಆದರೆ ಒಂದು ದಿನ ಸೀಮೆಎಣ್ಣೆ ಡಬ್ಬದ ಹಿಂದೆ ರಸ್ಕಿನ ಪೊಟ್ಟಣ ಸಿಕ್ಕಿತು.

"ಇದ್ರ ಮೊಕ ಯಾರ್ದು?" ಅಂದರು ಅಜ್ಜಿ.

"ನಂದೇ ಅತ್ತೆ" ಅಂದಳು ಅಮ್ಮ. "ಬೆಳಿಗ್ಗೆ ಒಂದು ತಿನ್ನೋ ಅಭ್ಯಾಸ. ಅವರಿಗೆ ಕೊಟ್ಟಿಲ್ಲ."

ಅಜ್ಜಿ ನಂಬಲಿಲ್ಲ. ಅಲ್ಲಿಂದಾಚೆ ಅಮ್ಮ ಅಪ್ಪನ ತಟ್ಟೆಗೆ ಬಡಿಸುವಾಗಲೆಲ್ಲ ಅಜ್ಜಿಯ ಕಣ್ಣು ಸೌಟಿನ ಹಿಂದೆಯೇ ಹೋಗುತ್ತಿತ್ತು. ನನಗೂ ಗುಟ್ಟಾಗಿ ಹೇಳಿದ್ದರು, "ನಿಮ್ಮವ್ವ ಅಪ್ಪನ ಕರೀ ಕಾಪೀಗೆ ಸಕ್ಕರೆ ಆಕೊಡ್ತಾಳಾ, ನೋಡ್ತಿರು ಕೂಸೇ." ನೋಡುತ್ತಿದ್ದೆ. ಅಮ್ಮ ಸಕ್ಕರೆ ಹಾಕಲಿಲ್ಲ. ಕಂಡದ್ದು ಬೇರೆ. ಎಲ್ಲರದೂ ಆದಮೇಲೆ ಅಮ್ಮ ಒಬ್ಬಳೇ ಒಲೆಯ ಹತ್ತಿರ ಕೂತು ಉಣ್ಣುತ್ತಿದ್ದಳು. ಅಷ್ಟು ಹೊತ್ತಿಗೆ ಸಾರಿನ ಪಾತ್ರೆಯ ತಳ ಕಾಣುತ್ತಿತ್ತು.

ಭಾನುವಾರ ಬಂದರೆ ಅಜ್ಜಿ ಮತ್ತು ನಾನು ಬಸ್ಸು ಹತ್ತಿ ಚಿಕ್ಕಪ್ಪನಿದ್ದ ಊರಿಗೆ ಹೋಗಿ ಬೆರಕೆ ಸೊಪ್ಪು ಕುಯ್ದು ತರುತ್ತಿದ್ದೆವು. ಬೆರಕೆ ಸೊಪ್ಪನ್ನು ಯಾರೂ ಬಿತ್ತುವುದಿಲ್ಲ, ಯಾರೂ ಮಾರುವುದಿಲ್ಲ. ಮಳೆ ಬಿದ್ದ ಮೇಲೆ ರಾಗಿ ಪೈರಿನ ನಡುವೆ ಅಣ್ಣೆ, ಗಣಿಕೆ, ಕಿರಕೀರೆ, ಹೊನಗೊನೆ ತಾವಾಗಿ ಬರುತ್ತವೆ. ಯಾವ ಹೊಲಕ್ಕೆ ಯಾವ ಹೆಂಗಸು ಇಳಿದು ಮಡಿಲು ತುಂಬಿಕೊಂಡರೂ ಯಾಕೆ ಅನ್ನುವವರಿರಲಿಲ್ಲ. ಆದರೆ ಚಿಕ್ಕಪ್ಪನ ರಾಗಿ ಹೊಲ ವರ್ಷ ವರ್ಷಕ್ಕೆ ಸಣ್ಣದಾಗಿ, ಮನೆಯ ಹಿಟ್ಟಿಗೆ ಆಗುವಷ್ಟು ಒಂದು ಪಟ್ಟಿ ಉಳಿದಿತ್ತು. ಸುತ್ತಲೂ ಆಳೆತ್ತರದ ಹೊಗೆಸೊಪ್ಪು.

"ಆ ಕಡೀಕೆ ಓಗ್ಬ್ಯಾಡ" ಎಂದು ಅಜ್ಜಿ ಪ್ರತಿ ಸಲ ಹೇಳುತ್ತಿದ್ದರು. "ಅದ್ರ ನೆಲವೇ ಬ್ಯಾರೆ." ಕುಯ್ದ ಒಂದೊಂದು ಹಿಡಿಯನ್ನೂ ಮೂಗಿಗೆ ಹಿಡಿದು, ಆಮೇಲೆ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು.

ಆ ಭಾನುವಾರ ಮೋಡ ಕವಿದು ಹನಿ ಹಾಕುವ ಹಾಗಿತ್ತು. ಬಸ್ಸಿನ ಹೊತ್ತಾಗುತ್ತಿತ್ತು. ರಾಗಿಯ ಪಟ್ಟಿಯಲ್ಲಿ ಹಿಂದಿನ ವಾರವೇ ಕುಯ್ದು ಖಾಲಿ ಮಾಡಿದ್ದೆವು. ನನ್ನ ಹಸಿರು ಲಂಗದ ಮಡಿಲು ಅರ್ಧವೂ ತುಂಬಿರಲಿಲ್ಲ. ಅಜ್ಜಿ ಹೊಲದ ಆ ತುದಿಯಲ್ಲಿ ಬಗ್ಗಿದ್ದರು. ಬದುವಿನಾಚೆ ಹೊಗೆಸೊಪ್ಪಿನ ಸಾಲಿನಲ್ಲಿ ಅಣ್ಣೆಸೊಪ್ಪು ಗೊಬ್ಬರ ಉಂಡು ಮೊಣಕಾಲುದ್ದ ನಿಂತಿತ್ತು, ಎಳೆಯದು, ಚಿವುಟಿದರೆ ಚಟ್ಟನೆ ಮುರಿಯುವಂಥದ್ದು. ದಾಟಿದೆ. ಎಲೆಗಳ ಮೇಲೆ ಹಾಲು ಚೆಲ್ಲಿ ಒಣಗಿದಂಥ ಬಿಳಿ ಚುಕ್ಕೆಗಳಿದ್ದವು. ತಿಗಣೆ ಔಷಧಿಯಂಥ ಒಂದು ವಾಸನೆ. ಬೇಗ ಬೇಗ ಕುಯ್ದು ಮಡಿಲಿಗೆ ತುಂಬಿ, ಅದರ ಮೇಲೆ ರಾಗಿ ಹೊಲದ ಗಣಿಕೆಸೊಪ್ಪನ್ನು ಹೊದಿಸಿದೆ.

ಆ ಹೊದಿಸಿದ್ದೇ ನನ್ನ ತಪ್ಪು. ಮಕ್ಕಳಿಗೆ ಗೊತ್ತಾಗುವುದಿಲ್ಲ ಅನ್ನುತ್ತಾರಲ್ಲ, ನನಗೆ ಗೊತ್ತಾಗಿತ್ತು.

ಅಜ್ಜಿ ಬಂದು ಮೇಲಿನ ಹಿಡಿ ಎತ್ತಿ ಮೂಸಿದರು. "ಚೆಂದಾಗದೆ" ಅಂದರು.

ಸೋಮವಾರ ಬಸ್ಸಾರು ಮಾಡಿದರು. ಸೊಪ್ಪು ಬಸಿದ ನೀರಿಗೆ ಖಾರ ರುಬ್ಬಿ ಸಾರು, ಬೆಂದ ಸೊಪ್ಪಿಗೆ ಅಲಸಂದೆ ಕಾಳು ಸೇರಿಸಿ ಪಲ್ಯ. ನನ್ನ ಡಬ್ಬಿಗೂ ಪಲ್ಯ ಹಾಕಿದ್ದರು. ಶಾಲೆಯಲ್ಲಿ ಅದನ್ನು ನಲ್ಲಿಯ ಹತ್ತಿರ ಚೆಲ್ಲಿ, ಡಬ್ಬಿ ತೊಳೆದು, ಒಣ ರೊಟ್ಟಿ ತಿಂದೆ. ತೊಳೆದರೆ ಹೋಗುತ್ತದೆ, ಬೆಂದರೆ ಹೋಗುತ್ತದೆ ಅಂತ ದಿನವಿಡೀ ನನಗೆ ನಾನೇ ಹೇಳಿಕೊಂಡೆ.

ನಾಲ್ಕೂವರೆಗೆ ಮನೆಗೆ ಬಂದರೆ ಬಾಗಿಲಲ್ಲಿ ಅಜ್ಜಿ ಗೋಡೆಗೊರಗಿ ಕೂತು ಬೆವರುತ್ತಿದ್ದರು. ಅಪ್ಪನಿಗೆ ವಾಂತಿ ನಿಲ್ಲದೆ ಆಸ್ಪತ್ರೆಗೆ ಸೇರಿಸಿದ್ದರು. ಅಮ್ಮ ಫ್ಲಾಸ್ಕು ಹಿಡಿದು ಹೊರಟಿದ್ದಳು. ಅಜ್ಜಿಯನ್ನೂ ನೋಡಿ ಮಾತ್ರೆ ಕೊಟ್ಟ ಡಾಕ್ಟರು, "ಸೊಪ್ಪಿಗೆ ಏನಾದ್ರೂ ಔಷಧಿ ಹೊಡೆದಿದ್ರೇನಮ್ಮ?" ಅಂತ ಕೇಳಿದ್ದರಂತೆ. ಅಜ್ಜಿ ಆ ನಿತ್ರಾಣದಲ್ಲೂ ಸೆಟೆದು ಕೂತು, "ನಮ್ಮೊಲದ್ದು ಕಣಪ್ಪ! ನನ್ನ ಕೈಯಾರ ಕುಯ್ದಿದ್ದು" ಅಂದಿದ್ದರಂತೆ.

ಸೊಪ್ಪಲ್ಲ ಅಂದಮೇಲೆ ಮತ್ತೇನು? ಅಜ್ಜಿಯ ಕಣ್ಣು ಅಮ್ಮನ ಮೇಲೆ ನಿಂತಿತು.

"ನೀನೂ ಉಂಡೆ ತಾನೆ ಸರೋಜ?"

"ಹೂಂ ಅತ್ತೆ."

"ನಂಗೂ ಆಯ್ತು, ಅವನ್ಗೂ ಆಯ್ತು. ನಿಂಗ್ಯಾಕೆ ಏನೂ ಆಗ್ಲಿಲ್ಲ?"

ಅಮ್ಮ ಫ್ಲಾಸ್ಕಿನ ಮುಚ್ಚಳ ಬಿಗಿದು ಹೊರಟುಹೋದಳು. ನಾನು ಹಿತ್ತಲಿಗೆ ಹೋದೆ. ತೊಳೆಯದ ಪಾತ್ರೆಗಳ ನಡುವೆ ಅಮ್ಮನ ತಟ್ಟೆ ಇತ್ತು. ಅದರಲ್ಲಿ ಮುದ್ದೆಯ ಗುರುತು, ಪಕ್ಕದಲ್ಲಿ ಉಪ್ಪಿನಕಾಯಿಯ ಎಣ್ಣೆ. ಹಸಿರಿನ ಒಂದು ಎಳೆಯೂ ಇರಲಿಲ್ಲ. ಅವಳ ಪಾಲಿಗೆ ಸಾರು ಪಲ್ಯ ಎರಡೂ ಮುಗಿದಿದ್ದವು. ಅದನ್ನು ಅತ್ತೆಯ ಮುಂದೆ ಹೇಳಿದರೆ ದೂರು ಹೇಳಿದಂತಾಗುತ್ತದೆ ಅಂತ ಸುಮ್ಮನಿದ್ದಳೋ ಏನೋ.

ಅಪ್ಪ ಬುಧವಾರ ಮನೆಗೆ ಬಂದರು, ಮುಖ ಹಿಂಡಿದ ಬಟ್ಟೆಯ ಹಾಗಾಗಿತ್ತು. "ಅವ್ವ, ಏನೋ ಹೊಟ್ಟೆಗೆ ಆಗಲಿಲ್ಲ, ಬುಡವ್ವ" ಅಂದರು. ಅಜ್ಜಿ ಬಿಡಲಿಲ್ಲ. "ಇನ್ಮ್ಯಾಕೆ ಒಲೆ ಹತ್ರ ನಾನೊಬ್ಳೇ" ಅಂದರು. ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯಲು ಕೂತಳು. ನನ್ನ ಹಸಿರು ಲಂಗವನ್ನು ಎತ್ತಿ, ಒಂದು ಗಳಿಗೆ ಹಾಗೇ ಹಿಡಿದುಕೊಂಡು, ಮತ್ತೆ ಕಲ್ಲಿಗೆ ಬಡಿಯತೊಡಗಿದಳು. ಒಂದು ಸೋಪಿನ ಬಿಲ್ಲೆ ಆ ಲಂಗಕ್ಕೇ ಸವೆಯಿತು.

ಆ ವಾರ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್, ಸುಳ್ಳು ಹೇಳಲು ಬಾಯಿ ತೆರೆಯಲೇಬೇಕೆಂದಿಲ್ಲ, ಮುಚ್ಚಿಕೊಂಡೂ ಹೇಳಬಹುದು ಅಂದರು. ಅವರು ಇಡೀ ಕ್ಲಾಸಿಗೆ ಹೇಳಿದ್ದು. ನನಗೆ ಅನುಮಾನ, ಇವರಿಗೆ ಯಾರೋ ತಿಳಿಸಿದ್ದಾರೆ ಅಂತ.

ಮುಂದಿನ ಭಾನುವಾರ ಅಜ್ಜಿ ಮತ್ತೆ ಹೊರಟರು. ಅವರು ಹೊಲಕ್ಕೆ ಇಳಿದು ಕುಯ್ಯತೊಡಗಿದರೂ ನಾನು ಬದುವಿನ ಮೇಲೆಯೇ ನಿಂತಿದ್ದೆ.

"ಯಾಕೆ ಕೂಸೇ?"

"ಹೋದ ವಾರ ನಾನು ಆ ಕಡೆಯಿಂದ ಕುಯ್ದಿದ್ದೆ ಅಜ್ಜಿ. ಅಡಿಯಲ್ಲಿ ಇಟ್ಟು, ಮೇಲೆ ಗಣಿಕೆ ಮುಚ್ಚಿದ್ದೆ. ಅಮ್ಮ ಏನೂ ಮಾಡಿಲ್ಲ. ಅವಳಿಗೆ ಸಾರೇ ಉಳಿದಿರಲಿಲ್ಲ."

ಬೈಗುಳ ಬರಲಿಲ್ಲ. ಅಜ್ಜಿ ಬದು ದಾಟಿ ಹೋಗಿ, ಒಂದು ಎಲೆ ಮುರಿದು ಮೂಸಿ, ಕೂಗಿದರು. "ಲೇ ಮಾದೇವ! ಏನ್ಲಾ ಹೊಡ್ದಿದ್ದೆ ಇದ್ಕೆ?"

ಚಿಕ್ಕಪ್ಪ ಸಾಲಿನೊಳಗಿಂದ ಎದ್ದು ಬಂದರು. "ಉಳದ ಔಸ್ದಿ ಕಣವ್ವ. ಎಲ್ಲಾರೂ ಒಡೀತಾರೆ."

"ಏಳ್ಬಾರ್ದಾಗಿತ್ತಾ?"

"ನೀನು ಅಲ್ಲಿ ಕುಯ್ಯಾಕಿಲ್ವಲ್ಲ."

ಅಜ್ಜಿ ಹೊಗೆಸೊಪ್ಪನ್ನು ನೋಡಿದರು, ಪಕ್ಕದ ರಾಗಿಯ ಪಟ್ಟಿಯನ್ನು ನೋಡಿದರು. ನಡುವೆ ಇದ್ದದ್ದು ಮೊಳದಗಲದ ಬದು. "ಗಾಳಿ ಬೀಸ್ದಾಗ ಅದು ಈ ಕಡೀಕೂ ಬತ್ತದಲ್ವೇನ್ಲಾ?"

ಚಿಕ್ಕಪ್ಪ ತಲೆ ಕೆರೆದುಕೊಂಡರು. ಅಜ್ಜಿ ಅದುವರೆಗೆ ಕುಯ್ದಿದ್ದ ಒಂದು ಹಿಡಿಯನ್ನು ಬದುವಿನ ಮೇಲೆ ಸುರಿದು ಸೆರಗು ಕೊಡವಿದರು. ಬೆಳೆದವರ ಮುಖವನ್ನು, ತಮ್ಮ ಮಗನ ಮುಖವನ್ನು, ಅಜ್ಜಿ ಆತ ಹುಟ್ಟಿದ ದಿನದಿಂದ ನೋಡಿದ್ದರು.

ಬಸ್ಸಿನಲ್ಲಿ ಒಂದೇ ಮಾತು ಆಡಿದರು. "ನೀನು ಇನ್ಯಾರ್ಗೂ ಏಳ್ಬ್ಯಾಡ. ನಾನು ಏಳ್ತೀನಿ."

ಮನೆಯಲ್ಲಿ ಹೇಳಿದ್ದು ಹೀಗೆ. "ಸೊಪ್ಪೇ ಕೆಟ್ಟಿತ್ತು ಸರೋಜ. ನನ್ನ ಮೂಗು ಸತ್ತೋಗದೆ." ಆಮೇಲೆ ಮುದ್ದೆ ತಿರುವಿ, ಮೊದಲ ಮುದ್ದೆಯನ್ನು ಅಮ್ಮನ ತಟ್ಟೆಗೆ ಹಾಕಿ, ಹುರುಳಿ ಸಾರು ಬಿಟ್ಟು, "ಮೊದ್ಲು ನೀನು ಉಣ್ಣು" ಅಂದರು.

ಅಮ್ಮ ತಟ್ಟೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಕೈ ಹಾಕಲಿಲ್ಲ. ಇದು ಪ್ರೀತಿಯೋ, ತನ್ನ ಮೇಲಿನ ಪರೀಕ್ಷೆಯೋ ಅವಳಿಗೆ ತಿಳಿಯಲಿಲ್ಲ ಅಂತ ಕಾಣುತ್ತದೆ. ಅಜ್ಜಿಗೆ ಅದು ಅರ್ಥವಾಯಿತು. ಎದುರಿಗೆ ಕೂತು, ಅದೇ ಮುದ್ದೆಯ ಒಂದು ತುತ್ತು ಮುರಿದು ತಮ್ಮ ಬಾಯಿಗಿಟ್ಟುಕೊಂಡರು. "ತಕ್ಕೋ. ಒಂದೇ ತಟ್ಟೇಲಿ ಉಣ್ಣಾಣ."

ಅಪ್ಪನ ಬೆರಳು ದಸರೆಯ ಹೊತ್ತಿಗೆ ಮಾಯಿತು. ಮಾತ್ರೆಯಿಂದಲೋ, ದಿನಾ ಕಟ್ಟಿದ ಬ್ಯಾಂಡೇಜಿನಿಂದಲೋ, ರಾಗಿ ಕಾಳಿನಿಂದಲೋ, ನಾನು ಹೇಳಲಾರೆ. ಅಜ್ಜಿ ನಮ್ಮ ಒಗೆಯುವ ಕಲ್ಲಿನ ಪಕ್ಕ ಮಣ್ಣು ಅಗೆದು ಸೊಪ್ಪು ಬಿತ್ತಿ, ಮೊಳಕೆ ಕಂಡಮೇಲೆ ಊರಿಗೆ ಹೋದರು.

ಈಗ ಅಜ್ಜಿ ಇಲ್ಲ, ಅಪ್ಪನೂ ಇಲ್ಲ. ಚಿಕ್ಕಪ್ಪನ ಮಕ್ಕಳ ಹೊಲದಲ್ಲಿ ರಾಗಿಯ ಆ ಪಟ್ಟಿಯೂ ಇಲ್ಲ. ಕಳೆಗೇ ಔಷಧಿ ಬಂದಿದೆ. ಅಣ್ಣೆ, ಗಣಿಕೆ, ಕಿರಕೀರೆ ಎಲ್ಲ ಅದರ ಕಣ್ಣಿಗೆ ಕಳೆಯೇ. ಮಡಿಲು ಕಟ್ಟಿ ಯಾರದಾದರೂ ಹೊಲಕ್ಕೆ ಇಳಿಯಲು ನನ್ನ ಮಗಳಿಗೆ ಗೊತ್ತಿಲ್ಲ, ನನಗೆ ಧೈರ್ಯವಿಲ್ಲ. ಅಂಗಡಿಯ ಸೊಪ್ಪನ್ನು ಉಪ್ಪುನೀರಿನಲ್ಲಿ ಮೂರು ಸಲ ಅದ್ದುತ್ತೇನೆ, ಮೂಸುತ್ತೇನೆ. ಏನೂ ವಾಸನೆ ಬರುವುದಿಲ್ಲ. ಬಂದಿದ್ದರೆ ಎಷ್ಟೋ ವಾಸಿ.

ಅಮ್ಮ ನನ್ನ ಜೊತೆಗೇ ಇದ್ದಾಳೆ. ಅವಳಿಗೂ ಸಕ್ಕರೆ ಬಂದಿದೆ. ಮೊನ್ನೆ ಮಸ್ಸೊಪ್ಪು ಮಾಡಿ ಬಡಿಸುತ್ತಾ, ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೇಳಿಬಿಟ್ಟೆ. "ಅಮ್ಮಾ, ಅವತ್ತಿನ ಸೊಪ್ಪು, ಅಪ್ಪ ಆಸ್ಪತ್ರೆಗೆ ಹೋದರಲ್ಲ..."

"ಗೊತ್ತು ಕಣೇ" ಅಂದಳು ಅಮ್ಮ. "ನಿನ್ನ ಲಂಗ ಒಗೆದವಳು ನಾನು. ಮಡಿಲಿನ ಜಾಗದಲ್ಲಿ ಆ ವಾಸನೆ ಎರಡು ಸಲ ಒಗೆದ್ರೂ ಹೋಗಲಿಲ್ಲ."

"ಮತ್ತೆ ಅಜ್ಜಿಗೆ ಯಾಕೆ ಹೇಳಲಿಲ್ಲ? ಅಷ್ಟು ಮಾತು ಕೇಳಿಸಿಕೊಂಡು?"

"ಹೇಳಿದ್ದಿದ್ರೆ ನಿನ್ನ ಅನುಮಾನದಿಂದ ನೋಡೋರು. ನನಗಾದ್ರೆ ಅಭ್ಯಾಸ ಆಗಿತ್ತು."

ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಮಸ್ಸೊಪ್ಪು ಬಿಟ್ಟೆ. ಅಮ್ಮ ತಟ್ಟೆಯತ್ತ ಬಗ್ಗಿ ಸೊಪ್ಪನ್ನು ಮೂಸಿದಳು, ಥೇಟ್ ಅಜ್ಜಿಯ ಹಾಗೆ.

"ಎಲ್ಲಿಯದು ಇದು?"

"ಅಂಗಡೀದು. ಸಾವಯವ ಅಂತ ಚೀಟಿ ಇದೆ."

"ಯಾರು ಬೆಳೆದದ್ದು?"

ಚೀಟಿ ತೆಗೆದು ನೋಡಿದೆ. ಒಂದು ಹಸಿರು ಎಲೆಯ ಚಿತ್ರ, ಪಕ್ಕದಲ್ಲಿ ಫೋನು ಹಿಡಿಯುವ ಕಪ್ಪು ಬಿಳಿ ಚೌಕ. ಊರಿಲ್ಲ, ಮುಖವಿಲ್ಲ. ಅಮ್ಮ ಆ ಚೀಟಿಯನ್ನು ಪಕ್ಕಕ್ಕೆ ಸರಿಸಿ, ತಟ್ಟೆಯನ್ನು ಇಬ್ಬರ ನಡುವೆ ಎಳೆದಳು.

"ಬಾ" ಅಂದಳು. "ಒಂದೇ ತಟ್ಟೇಲಿ ಉಣ್ಣೋಣ."